ಮೋಗ್ಲಿಗೆ ಕನ್ನಡ ಕಲಿಸಿದ ಅಜ್ಜಿ

ಕಳೆದ ಬೇಸಿಗೆ ರಜೆಯಲ್ಲಿ ಊರ ಕಡೆ ಹೋದಾಗ, ಸೋಲಾಪುರದ ತಂಗಿಯ ಮನೆಯ ಕಪಾಟಿನಲ್ಲಿ ನಮಗೆ ಹಳೆಯ ಡಿವಿಡಿಗಳ ಕಟ್ಟೊಂದು ಸಿಕ್ಕಿತು. 'ಜಂಗಲ್ ಬುಕ್' ಕಾರ್ಟೂನು, ಹಿಂದಿಯದು. ವರ್ಷಗಳ ಹಿಂದೆ ನವೀ ಪೇಠದ ಅಂಗಡಿಯೊಂದರಲ್ಲಿ ನಾವೇ ಕೊಂಡು ಕೊಟ್ಟದ್ದು.

ಓದುಗರಲ್ಲಿ ನಲವತ್ತು ದಾಟಿದವರಿಗೆ ಇದರ ಪರಿಚಯ ಬೇಕಾಗಿಲ್ಲ. 1993ರಲ್ಲಿ ಆದಿತ್ಯವಾರ ಬೆಳಿಗ್ಗೆ ದೂರದರ್ಶನದಲ್ಲಿ ಇದು ಬರುತ್ತಿದ್ದಾಗ ಓಣಿಯಲ್ಲಿ ಒಂದು ಮಗುವೂ ಕಾಣುತ್ತಿರಲಿಲ್ಲ. ಕಥೆ, ಮುಂಬಯಿಯಲ್ಲಿ ಹುಟ್ಟಿದ ಇಂಗ್ಲಿಷ್ ಲೇಖಕ ಕಿಪ್ಲಿಂಗನ 1894ರ ಪುಸ್ತಕದ್ದು. ಕಾಡು ಮಧ್ಯಪ್ರದೇಶದ ಸಿವನಿಯದು. 1989-90ರಲ್ಲಿ 52 ಕಂತುಗಳಾಗಿ ಚಿತ್ರ ಬರೆದು ಕುಣಿಸಿದವರು ಜಪಾನಿನ ನಿಪ್ಪಾನ್ ಆನಿಮೇಷನ್ ಸಂಸ್ಥೆಯವರು. ಹಿಂದಿ ಹಾಡು ಗುಲ್ಜಾರರದು, ಸಂಗೀತ ವಿಶಾಲ್ ಭಾರದ್ವಾಜರದು. ಶೇರಖಾನ್ ಹುಲಿಗೆ ದನಿ ಕೊಟ್ಟವರು ಮರಾಠಿ ನಟ ನಾನಾ ಪಾಟೇಕರ್. ಇಷ್ಟೆಲ್ಲ ಭಾಷೆ ದಾಟಿ ಬಂದ ಮೋಗ್ಲಿ, ಅಕ್ಕಲಕೋಟೆಯ ನಮ್ಮ ಮನೆಯ ಹೊಸ್ತಿಲಲ್ಲಿ ನಿಂತುಬಿಟ್ಟಿದ್ದ. ಒಳಗೆ ಕರೆದವರು ನಮ್ಮ ಅಜ್ಜಿ.

ಅಜ್ಜಿಗೆ ಮನೆಯ ಕನ್ನಡ, ಪೇಟೆಯ ಮರಾಠಿ ಎರಡೂ ಬರುತ್ತಿದ್ದವು. ಹಿಂದಿ ಬಾರದು. "ಏನಂದ್ನೋ ಆ ಕರಡಿ?" ಎಂದು ಕೇಳುವರು. ನಾವು ಹೇಳುವುದು ತಡವಾದರೆ ತಾವೇ ಮಾತು ಕಟ್ಟಿಬಿಡುವರು. ಬಲೂ ಕರಡಿ ಅವರ ಬಾಯಲ್ಲಿ ಕನ್ನಡ ಶಾಲೆಯ ಮುದಿ ಮಾಸ್ತರನಾಗುತ್ತಿದ್ದ, ಶೇರಖಾನ್ ಬಡ್ಡಿ ಸಾಹುಕಾರನಾಗುತ್ತಿದ್ದ. ಕಾ ಹೆಬ್ಬಾವು ಕಂಡರೆ, "ಅದಕ್ಕೇನು ಅವಸರ ಇಲ್ಲ ತಮ್ಮಾ, ಹೊಟ್ಟಿ ತುಂಬ್ಯಾದ" ಎನ್ನುವರು. ಗುಲ್ಜಾರರು ಕೇಳಿದ್ದರೂ ಬೇಸರಪಡುತ್ತಿರಲಿಲ್ಲ.

ಅಜ್ಜಿ ಈಗಿಲ್ಲ. ತಂಗಿಯ ಮಗಳಿಗೆ ಎಂಟು ವರ್ಷ. ಶಾಲೆ ಮರಾಠಿ, ಗೆಳತಿಯರು ಮರಾಠಿ. ಕನ್ನಡ ತಿಳಿಯುತ್ತದೆ, ಆದರೆ ಕನ್ನಡದಲ್ಲಿ ಕೇಳಿದ್ದಕ್ಕೆ ಮರಾಠಿಯಲ್ಲೇ ಉತ್ತರ. ತಂಗಿ ಇದನ್ನು ನಗುತ್ತಲೇ ಹೇಳಿದಳು, ಕಣ್ಣು ಮಾತ್ರ ನಗಲಿಲ್ಲ. ಇಲ್ಲಿ ನಮ್ಮ ತರಗತಿಯ ಮಕ್ಕಳ ಮನೆಗಳಲ್ಲೂ ಮಲಯಾಳದ ಮುಂದೆ ಇದೇ ಕಥೆಯಲ್ಲವೇ? 1967ರಲ್ಲಿ ಮಹಾಜನ ಆಯೋಗವು ಅಕ್ಕಲಕೋಟೆ ತಾಲೂಕನ್ನೂ ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡನ್ನೂ ಒಂದೇ ವರದಿಯಲ್ಲಿ ಆಗಿನ ಮೈಸೂರು ರಾಜ್ಯಕ್ಕೆ ಸೇರಿಸಲು ಹೇಳಿತ್ತು. ವರದಿ ಹಾಗೆಯೇ ಉಳಿಯಿತು.

ಮಕ್ಕಳ ಕಾರ್ಟೂನಿಗೆಂದೇ ಕನ್ನಡದಲ್ಲಿ 'ಚಿಂಟು' ವಾಹಿನಿ ಬಂದದ್ದು 2009ರಲ್ಲಿ. ಅಷ್ಟರಲ್ಲಿ ನಮ್ಮ ಪೀಳಿಗೆ ಮೀಸೆ ತಿರುವುತ್ತಿತ್ತು. 2020ರ ಲಾಕ್‌ಡೌನಿನಲ್ಲಿ ದೂರದರ್ಶನ ಮೋಗ್ಲಿಯನ್ನು ಮತ್ತೆ ಕರೆತಂದಾಗಲೂ ಅವನದು ಹಿಂದಿಯೇ.

ಇರಲಿ, ಡಿವಿಡಿ ಹಾಕಿದೆವು. ಚಿತ್ರ ನಮ್ಮ ನೆನಪಿಗಿಂತ ಮಂಕು, ಓಟವೂ ನಿಧಾನ. ಹುಡುಗಿ ಆಕಳಿಸಿದಳು. ಮೂರನೆಯ ಡಿವಿಡಿಗೆ ಗೀರು ಬಿದ್ದು ಮಾತು ತೊದಲತೊಡಗಿದಾಗ ನಾವು ಸದ್ದು ಅಡಗಿಸಿ, ಅಜ್ಜಿಯ ಹಾಗೆ ಹೇಳಲು ಶುರುಮಾಡಿದೆವು. ಕರಡಿಯ ಮಾತನ್ನು ತಪ್ಪಿ ಕರಿಚಿರತೆಯ ಬಾಯಿಗೆ ಹಾಕಿದ್ದೇ ತಡ, "ಮಾಮಾ, ಅದು ಬಲೂ ಅಲ್ಲ, ಬಘೀರಾ ಅದ!" ಎಂದಳು. ಕನ್ನಡದಲ್ಲಿ! ಅಡಿಗೆಮನೆಯಲ್ಲಿ ಲಟ್ಟಣಿಗೆಯ ಸದ್ದು ನಿಂತಿತು.

ಆಮೇಲೆ ಹುಲಿಯ ಪಾತ್ರ ಅವಳದಾಯಿತು. ನಡುವೆ ತಡವರಿಸಿ, "ಲಾಂಡಗಾಕ್ಕ ನಮ್ಮದರಾಗ ಏನಂತಾರ?" ಎಂದು ಕೇಳಿದಳು. "ತೋಳ" ಎಂದೆವು. ಎರಡು ಸಲ ಹೇಳಿ ನೋಡಿಕೊಂಡಳು. ಕಿಪ್ಲಿಂಗನ ಪುಸ್ತಕದಲ್ಲಿ ಬಲೂ ಮೋಗ್ಲಿಗೆ ಕಲಿಸುವ ಪಾಠವೂ ಇಂಥದ್ದೇ: ಹಕ್ಕಿಗೆ ಹಕ್ಕಿಯ ಮಾತು, ಹಾವಿಗೆ ಹಾವಿನ ಮಾತು. ಮರೆತರೆ ಏಟು. ನಾವು ಏಟು ಕೊಡಲಿಲ್ಲ, ಶೇಂಗಾ ಹೋಳಿಗೆ ಕೊಟ್ಟೆವು.

ಮೊನ್ನೆ ಆದಿತ್ಯವಾರ ಫೋನು ಬಂತು. "ಮಾಮಾ, ನಾಲ್ಕನೇದ್ದು ಇನ್ನೂ ಉಳದದ. ಯಾವಾಗ ಬರ್ತಿ?"