ಗ್ರೇಡ್ ಒಂದು, ವಯಸ್ಸು ಮೂವತ್ತನಾಲ್ಕು

ಸ್ತನದ ಗಡ್ಡೆಯ ಬಯಾಪ್ಸಿ ವರದಿ ಕೈಗೆ ಬಂದಾಗ ಮನೆಯವರೆಲ್ಲ ಹುಡುಕುವುದು ಒಂದೇ ಉತ್ತರ: ಕ್ಯಾನ್ಸರ್ ಹೌದೋ ಅಲ್ಲವೋ. ಹೌದು ಎಂದು ಗೊತ್ತಾದ ಮೇಲೆ ಪಕ್ಕದಲ್ಲಿರುವ 'ಗ್ರೇಡ್ 1' ಕಣ್ಣಿಗೆ ಬೀಳುತ್ತದೆ. "ಇದು ನಿಧಾನವಾಗಿ ಬೆಳೆಯೋ ಜಾತಿ, ಗಾಬರಿ ಆಗಬೇಡಿ ಅಮ್ಮಾ" ಎನ್ನುತ್ತಾರೆ ಡಾಕ್ಟರು. ಮಾತು ನಿಜ. ಆದರೆ ರಾಜಾಜಿನಗರದ ಕ್ಲಿನಿಕ್ಕಿನಿಂದ ಹೊರಟು ಬಸವೇಶ್ವರನಗರದ ಮನೆ ಮುಟ್ಟುವಷ್ಟರಲ್ಲಿ ಆ ಮಾತು ಬೇರೆಯೇ ಆಗಿರುತ್ತದೆ. ಅತ್ತೆಗೆ "ಸಣ್ಣದಂತೆ, ಆಪರೇಷನ್ ಆದ್ರೆ ಮುಗೀತಂತೆ". ಆಫೀಸಿಗೆ "ಏನಿಲ್ಲ, ಚಿಕ್ಕ ಸರ್ಜರಿ". ಮೂವತ್ತನಾಲ್ಕು ವರ್ಷದ ಹೆಣ್ಣುಮಗಳಿಗೆ ಮಾತ್ರ ಅದು ಮುಂದಿನ ಹತ್ತು ವರ್ಷದ ಲೆಕ್ಕ. ಮಗು, ಕೆಲಸ, ಮನೆ ಸಾಲದ ಕಂತು, ದಿನಕ್ಕೊಂದು ಮಾತ್ರೆ ಎಲ್ಲವೂ ಅದರಲ್ಲಿ ಸೇರಿಕೊಂಡಿವೆ.

ಗ್ರೇಡ್ ಕಡಿಮೆಯಿದ್ದಷ್ಟೂ ಬದುಕಿನ ಭರವಸೆ ದೊಡ್ಡದು. ರೋಗದ ಮೇಲೆ ಕಣ್ಣಿಟ್ಟಿರಬೇಕಾದ ಕಾಲವೂ ಉದ್ದ. ಮೊದಲನೆಯದನ್ನು ಎಲ್ಲರೂ ಕೇಳಿಸಿಕೊಳ್ಳುತ್ತಾರೆ, ಎರಡನೆಯದನ್ನು ಆಕೆ ಒಬ್ಬಳೇ ಹೊರುತ್ತಾಳೆ.

ಗ್ರೇಡ್ ಹೇಳುವವರು ಪೆಥಾಲಜಿಸ್ಟ್. 1957ರಲ್ಲಿ ಬ್ಲೂಮ್ ಮತ್ತು ರಿಚರ್ಡ್‌ಸನ್ ರೂಪಿಸಿದ ಪದ್ಧತಿಯನ್ನು 1991ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಎಲ್‌ಸ್ಟನ್ ಮತ್ತು ಎಲ್ಲಿಸ್ ತಿದ್ದಿ ಗಟ್ಟಿಮಾಡಿದರು. ಸೂಕ್ಷ್ಮದರ್ಶಕದ ಕೆಳಗೆ ನೋಡುವುದು ಮೂರು ಸಂಗತಿ: ಜೀವಕೋಶಗಳು ನಾಳದ ಆಕಾರವನ್ನು ಇನ್ನೂ ಉಳಿಸಿಕೊಂಡಿವೆಯೇ, ಕೋಶಕೇಂದ್ರಗಳು ಎಷ್ಟು ವಿಕಾರಗೊಂಡಿವೆ, ಎಷ್ಟು ಕೋಶಗಳು ಒಡೆದು ಎರಡಾಗುತ್ತಿವೆ. ಒಂದೊಂದಕ್ಕೂ 1ರಿಂದ 3 ಅಂಕ. ಒಟ್ಟು 5ರೊಳಗೆ ಬಂದರೆ ಗ್ರೇಡ್ 1, 6 ಅಥವಾ 7 ಆದರೆ ಗ್ರೇಡ್ 2, ಅದಕ್ಕೂ ಮೇಲಾದರೆ ಗ್ರೇಡ್ 3. ಇದನ್ನು ಜನ ಸ್ಟೇಜ್ ಜೊತೆ ಬೆರೆಸಿಬಿಡುತ್ತಾರೆ. ಗಡ್ಡೆಯ ಗಾತ್ರ ಎಷ್ಟು, ಕಂಕುಳಿನ ಗ್ರಂಥಿಗೆ ಹೋಗಿದೆಯೇ, ದೇಹದ ಬೇರೆಡೆ ಹರಡಿದೆಯೇ ಎಂಬುದನ್ನು ಹೇಳುವುದು ಸ್ಟೇಜ್. ಗ್ರೇಡ್ ಗಡ್ಡೆಯ ಸ್ವಭಾವವಾದರೆ ಸ್ಟೇಜ್ ಅದು ನಡೆದ ದೂರ. ನಿಧಾನದ ಗಡ್ಡೆಯನ್ನೂ "ನೋವಿಲ್ಲವಲ್ಲ" ಎಂದು ವರ್ಷಗಟ್ಟಲೆ ಬಿಟ್ಟರೆ ಅದು ಕಂಕುಳು ದಾಟಬಹುದು.

ಬೆಂಗಳೂರಿನಲ್ಲಿ ಕ್ಯಾನ್ಸರ್ ಲೆಕ್ಕ ಇಡುವ ಕೆಲಸಕ್ಕೆ ನಾಲ್ಕು ದಶಕ ದಾಟಿತು. ಐಸಿಎಂಆರ್‌ನ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮ 1980ರ ದಶಕದ ಆರಂಭದಲ್ಲಿ ಮುಂಬೈ, ಚೆನ್ನೈ ಜೊತೆಗೆ ಈ ಊರನ್ನೂ ಆರಿಸಿಕೊಂಡಾಗ ಆ ಹೊಣೆ ಹೊತ್ತದ್ದು ಕಿದ್ವಾಯಿ ಆಸ್ಪತ್ರೆ. ಆಗ ಇಲ್ಲಿನ ಹೆಂಗಸರಲ್ಲಿ ಗರ್ಭಕಂಠದ ಕ್ಯಾನ್ಸರ್ ಮುಂದಿತ್ತು, ಈಗ ಸ್ತನ ಕ್ಯಾನ್ಸರ್ ಮುಂದಿದೆ. ಗ್ಲೋಬೋಕಾನ್ ಎಂಬ ಜಾಗತಿಕ ಕ್ಯಾನ್ಸರ್ ಅಂದಾಜಿನಂತೆ 2022ರಲ್ಲಿ ದೇಶದಲ್ಲಿ ಹೊಸದಾಗಿ ಪತ್ತೆಯಾದ ಸ್ತನ ಕ್ಯಾನ್ಸರ್ ಸುಮಾರು 1.92 ಲಕ್ಷ. ಪಶ್ಚಿಮದ ದೇಶಗಳಿಗಿಂತ ಹೆಚ್ಚುಕಡಿಮೆ ಹತ್ತು ವರ್ಷ ಮೊದಲೇ ನಮ್ಮ ಹೆಂಗಸರಲ್ಲಿ ಇದು ಕಾಣಿಸಿಕೊಳ್ಳುತ್ತದೆ. ನಮ್ಮದು ಎಳೆಯರ ದೇಶ ಎಂಬುದೂ ಅದಕ್ಕೊಂದು ಕಾರಣ. ನಲವತ್ತರೊಳಗಿನವರಲ್ಲಿ ಬರುವ ಗಡ್ಡೆಗಳಲ್ಲಿ ವೇಗದವೇ ಹೆಚ್ಚು. ಹಾಗಾಗಿ ಗ್ರೇಡ್ 1 ಬಂದ ಕಿರಿಯ ಮಹಿಳೆ ಆಸ್ಪತ್ರೆಯ ಬೆಂಚಿನ ಮೇಲೆ ಒಂಟಿಯಾಗುತ್ತಾಳೆ. ಒಂದು ಪಕ್ಕದಲ್ಲಿ ಅವಳ ಅಮ್ಮನ ವಯಸ್ಸಿನವರು, ಇನ್ನೊಂದು ಪಕ್ಕದಲ್ಲಿ ಕೀಮೋದಿಂದ ಕೂದಲು ಕಳೆದುಕೊಂಡ ಓರಗೆಯವರು. "ನಿನಗೇನಮ್ಮ, ನೀನು ಅದೃಷ್ಟವಂತೆ" ಎಂಬ ಮಾತು ಕೇಳಿದ ಮೇಲೆ ತನ್ನ ಭಯ ಹೇಳಿಕೊಳ್ಳಲು ಅವಳಿಗೆ ಬಾಯಿ ಬರುವುದಿಲ್ಲ.

ಈ ವಯಸ್ಸಿನಲ್ಲಿ ಗಂಟು ಸಿಗುವುದು ಬಹುಪಾಲು ಅವರವರ ಕೈಗೇ. ಸ್ತನದ ಅಂಗಾಂಶ ದಟ್ಟವಾಗಿರುವುದರಿಂದ ಮ್ಯಾಮೊಗ್ರಾಮ್ ಒಂದನ್ನೇ ನೆಚ್ಚುವಂತಿಲ್ಲ, ಅಲ್ಟ್ರಾಸೌಂಡ್ ಮೊದಲು ಬೇಕು. ಆಮೇಲೆ ಸೂಜಿಯಿಂದ ಚೂರು ತೆಗೆಯುವ ಕೋರ್ ಬಯಾಪ್ಸಿ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಹೆದರಿಕೆ ಇಂದಿಗೂ ಎಷ್ಟೋ ಮನೆಗಳಲ್ಲಿದೆ. ಅದಕ್ಕೆ ಆಧಾರವಿಲ್ಲ, ಆ ಹೆದರಿಕೆಯಲ್ಲಿ ಕಳೆದುಹೋಗುವ ತಿಂಗಳುಗಳೇ ಅಪಾಯ.

ಇನ್ನೊಂದು ಒತ್ತಡ "ಪೂರ್ತಿ ತೆಗೆಸಿಬಿಡು, ತಲೆನೋವು ಬೇಡ" ಎಂಬುದು. ಹಿತೈಷಿಗಳೇ ಹೀಗೆ ಹೇಳುವುದು. ಅಮೆರಿಕದ ಬರ್ನಾರ್ಡ್ ಫಿಶರ್ ಮತ್ತು ಇಟಲಿಯ ಉಂಬರ್ಟೊ ವೆರೊನೆಸಿ ಬೇರೆಬೇರೆಯಾಗಿ ನಡೆಸಿದ ಅಧ್ಯಯನಗಳ ಇಪ್ಪತ್ತು ವರ್ಷದ ಫಲಿತಾಂಶ 2002ರಲ್ಲೇ ಬಂದಿದೆ: ಗಡ್ಡೆಯನ್ನಷ್ಟೇ ತೆಗೆಸಿ ರೇಡಿಯೇಷನ್ ಪಡೆದವರೂ ಪೂರ್ತಿ ಸ್ತನ ತೆಗೆಸಿಕೊಂಡವರೂ ಬದುಕಿದ್ದು ಒಂದೇ ಪ್ರಮಾಣದಲ್ಲಿ. ರೇಡಿಯೇಷನ್ ಎಂದರೆ ಈಗ ಸಾಮಾನ್ಯವಾಗಿ ಮೂರು ವಾರದ ಓಡಾಟ. ಕೆಂಗೇರಿಯಿಂದ ನೇರಳೆ ಮಾರ್ಗದ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ, ಲಾಲ್‌ಬಾಗ್‌ನಲ್ಲಿ ಇಳಿದು ಆಟೊದಲ್ಲಿ ಕಿದ್ವಾಯಿ ತಲುಪುವವರಿಗೆ ನಿಮಿಷಗಳ ಚಿಕಿತ್ಸೆಗೆ ಅರ್ಧ ದಿನ ಹೋಗುತ್ತದೆ.

ಕೀಮೋ ಬೇಕೇ? ಹಾರ್ಮೋನ್ ಪಾಸಿಟಿವ್ (ಹಾರ್ಮೋನಿನ ನೆರವಿನಿಂದ ಬೆಳೆಯುವ), ಹರ್-2 ನೆಗೆಟಿವ್ (ಹರ್-2 ಎಂಬ ಪ್ರೋಟೀನ್ ಹೆಚ್ಚಿಲ್ಲದ) ಆಗಿರುವ ಸಣ್ಣ ಗಡ್ಡೆಗಳಲ್ಲಿ ಇದು ಸುಲಭದ ಪ್ರಶ್ನೆಯಲ್ಲ, ಅದರಲ್ಲೂ ಮುಟ್ಟು ನಿಲ್ಲದ ವಯಸ್ಸಿನಲ್ಲಿ. ಬೆಂಗಳೂರಿನದೇ ಕಂಪನಿ ಆಂಕೋಸ್ಟೆಮ್ ಡಯಾಗ್ನೊಸ್ಟಿಕ್ಸ್, ಮಂಜಿರಿ ಬಾಕ್ರೆ ಅವರ ಮುಂದಾಳತ್ವದಲ್ಲಿ 'ಕ್ಯಾನ್‌ಅಸಿಸ್ಟ್ ಬ್ರೆಸ್ಟ್' ಎಂಬ ಪರೀಕ್ಷೆಯನ್ನು ರೂಪಿಸಿದ್ದು ಈ ಪ್ರಶ್ನೆಗಾಗಿಯೇ. ಗಡ್ಡೆಯಲ್ಲಿನ ಐದು ಪ್ರೋಟೀನುಗಳನ್ನು ಗಾತ್ರ, ಗ್ರೇಡ್, ಕಂಕುಳ ಗ್ರಂಥಿಗಳ ಸ್ಥಿತಿಯ ಜೊತೆ ಸೇರಿಸಿ ಮರುಕಳಿಸುವ ಸಾಧ್ಯತೆಯನ್ನು ಅದು ಲೆಕ್ಕಹಾಕುತ್ತದೆ. ಬೇಡದ ಕೀಮೋ ತಪ್ಪಿದರೆ ಉಳಿಯುವುದು ಕೂದಲಷ್ಟೇ ಅಲ್ಲ. ಕೀಮೋ ಅಂಡಾಶಯಕ್ಕೂ ಪೆಟ್ಟು ಕೊಡುತ್ತದೆ, ಮುಂದೆ ತಾಯಾಗಬೇಕೆಂದಿರುವವಳಿಗೆ ಅದು ಮುಖ್ಯ.

ಆಮೇಲೆ ಶುರುವಾಗುವುದು ಹಾರ್ಮೋನ್ ಚಿಕಿತ್ಸೆಯ ಮಾತ್ರೆಯ ಕಾಲ. ಟಮಾಕ್ಸಿಫೆನ್, 20 ಮಿಲಿಗ್ರಾಂ, ದಿನಕ್ಕೊಂದು, ಐದು ವರ್ಷ. 2012ರ ಕೊನೆಯಲ್ಲಿ ಬಂದ ಅಟ್ಲಾಸ್ ಅಧ್ಯಯನದ ನಂತರ ಕೆಲವರಿಗೆ ಹತ್ತು ವರ್ಷ. ಈ ಮಾತ್ರೆಯ ಹುಟ್ಟೇ ಒಂದು ಕಥೆ. 1962ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿಯಲ್ಲಿ ಡೋರಾ ರಿಚರ್ಡ್‌ಸನ್ ಎಂಬ ರಸಾಯನಶಾಸ್ತ್ರಜ್ಞೆ ಇದನ್ನು ಮೊದಲು ತಯಾರಿಸಿದಾಗ ತಂಡ ಹುಡುಕುತ್ತಿದ್ದದ್ದು ಗರ್ಭನಿರೋಧಕ. ಆ ಕೆಲಸಕ್ಕೆ ಇದು ಬರಲಿಲ್ಲ, ಹೆಂಗಸರಲ್ಲಿ ಅಂಡೋತ್ಪತ್ತಿಯನ್ನು ಪ್ರಚೋದಿಸಿತು. ಕ್ಯಾನ್ಸರಿಗೆ ಮದ್ದಾಗಿ 1977ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಇದು ಗರ್ಭನಿರೋಧಕವಾಗಲಿಲ್ಲ ಎಂಬುದನ್ನೇ ಇಂದು ಇದನ್ನು ನುಂಗುವ ಕಿರಿಯರೂ ನೆನಪಿಡಬೇಕು: ಮುಟ್ಟು ಏರುಪೇರಾದರೂ ಗರ್ಭ ನಿಲ್ಲಬಹುದು, ಈ ಮಾತ್ರೆ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿಕರ. ಗರ್ಭನಿರೋಧಕ ಬೇಕು, ಹಾರ್ಮೋನಿನದು ಬೇಡ. ಕಾಪರ್-ಟಿ ಅಥವಾ ಕಾಂಡೋಮ್.

ಬೆಲೆ ದೊಡ್ಡದಲ್ಲ, ಜನರಿಕ್ ಮಾತ್ರೆ ಕೆಲವೇ ರೂಪಾಯಿಗೆ ಸಿಗುತ್ತದೆ. ಕಷ್ಟವಿರುವುದು ಮೈಯಲ್ಲಿ. ಅಮ್ಮ ಐವತ್ತರ ಹತ್ತಿರ ಅನುಭವಿಸಿದ್ದನ್ನು ಮಗಳು ಮೂವತ್ತೈದಕ್ಕೇ ಅನುಭವಿಸುತ್ತಾಳೆ. ಮೀಟಿಂಗಿನ ನಡುವೆ ಕತ್ತು ಬೆವರುತ್ತದೆ, ರಾತ್ರಿ ಎರಡಕ್ಕೆ ಮೈ ಬಿಸಿಯೇರಿ ಎಚ್ಚರವಾಗುತ್ತದೆ, ಗಂಡ ಹೆಂಡತಿಯ ಸಾಮೀಪ್ಯದಲ್ಲಿ ನೋವಿರುತ್ತದೆ. ಕೊನೆಯದನ್ನು ಡಾಕ್ಟರು ಕೇಳುವುದು ಕಡಿಮೆ, ಆಕೆ ಹೇಳುವುದು ಇನ್ನೂ ಕಡಿಮೆ. ಫ್ರಾನ್ಸಿನ ಸಂಶೋಧಕರು 1,177 ಮಹಿಳೆಯರ ರಕ್ತದಲ್ಲೇ ಟಮಾಕ್ಸಿಫೆನ್ ಅಳೆದು 2020ರಲ್ಲಿ ಪ್ರಕಟಿಸಿದ ಫಲಿತಾಂಶ ಕಣ್ಣು ತೆರೆಸುವಂತಿದೆ. ಅವರೆಲ್ಲ ಮುಟ್ಟು ನಿಲ್ಲದವರು. ಒಂದು ವರ್ಷ ಆಗುವಷ್ಟರಲ್ಲೇ 16% ಮಂದಿ ಸರಿಯಾಗಿ ಮಾತ್ರೆ ತೆಗೆದುಕೊಳ್ಳುತ್ತಿರಲಿಲ್ಲ. ಇವರನ್ನು ಬೇಜವಾಬ್ದಾರಿಗಳು ಎನ್ನುವುದು ಅನ್ಯಾಯ. ಅಡ್ಡಪರಿಣಾಮಗಳಿಗೂ ಚಿಕಿತ್ಸೆ ಇದೆ ಎಂದು ಯಾರಾದರೂ ಕೂತು ಹೇಳಬೇಕು. ಖಿನ್ನತೆಗೆ ಮಾತ್ರೆ ಬೇಕಾದರೆ ಫ್ಲೂಆಕ್ಸೆಟಿನ್, ಪ್ಯಾರೊಕ್ಸೆಟಿನ್‌ನಂಥವು ಟಮಾಕ್ಸಿಫೆನ್ನಿನ ಕೆಲಸವನ್ನು ಕುಗ್ಗಿಸಬಹುದು. ಆದ್ದರಿಂದ ಮನೋವೈದ್ಯರ ಮುಂದೆ ಈ ಮಾತ್ರೆಯ ಹೆಸರನ್ನು ಹೇಳಲೇಬೇಕು.

ಎಲ್ಲಕ್ಕಿಂತ ಭಾರದ ಪ್ರಶ್ನೆ ಮಗುವಿನದು. ಮೂವತ್ತನಾಲ್ಕಕ್ಕೆ ಐದು ಸೇರಿಸಿದರೆ ಮೂವತ್ತೊಂಬತ್ತು, ಹತ್ತು ಸೇರಿಸಿದರೆ ನಲವತ್ತನಾಲ್ಕು. ಸೀಮಂತದ ಕರೆಯೋಲೆ ಬಂದಾಗಲೆಲ್ಲ ಈ ಕೂಡಿಸುವ ಲೆಕ್ಕ ಅವಳ ಮನಸ್ಸಿನಲ್ಲಿ ಮತ್ತೆ ನಡೆಯುತ್ತದೆ. ಇಲ್ಲಿ ನಿಜವಾದ ಸಮಾಧಾನ ತಂದದ್ದು 2023ರಲ್ಲಿ ಪ್ರಕಟವಾದ 'ಪಾಸಿಟಿವ್' ಅಧ್ಯಯನ. 42 ವರ್ಷದೊಳಗಿನ 516 ಮಹಿಳೆಯರು ಒಂದೂವರೆಯಿಂದ ಎರಡೂವರೆ ವರ್ಷ ಹಾರ್ಮೋನ್ ಚಿಕಿತ್ಸೆ ಪಡೆದು, ಮಗುವಿಗಾಗಿ ಎರಡು ವರ್ಷದವರೆಗೆ ಅದನ್ನು ನಿಲ್ಲಿಸಿದರು. ಮೂರು ವರ್ಷದಲ್ಲಿ ಅವರಲ್ಲಿ ಕ್ಯಾನ್ಸರ್ ಮರಳಿದ್ದು 8.9%, ಹೋಲಿಕೆಗೆ ತೆಗೆದುಕೊಂಡ ಹಳೆಯ ಗುಂಪಿನಲ್ಲಿ 9.2%. ಗರ್ಭಿಣಿಯಾಗಿದ್ದಾರೆಯೇ ಎಂದು ಗಮನಿಸಿದ 497 ಮಂದಿಯಲ್ಲಿ 317 ಮಂದಿ ತಾಯಂದಿರಾದರು. ಮೂರು ವರ್ಷ ದೀರ್ಘ ಕಾಲವಲ್ಲ, ಗಮನಿಸುವುದು ಇನ್ನೂ ಮುಂದುವರಿದಿದೆ. ಆದರೂ "ಮಗುವಿನ ಆಸೆ ಬಿಟ್ಟುಬಿಡಿ" ಎಂದು ಇನ್ನು ಮುಂದೆ ಯಾರೂ ಸಲೀಸಾಗಿ ಹೇಳುವಂತಿಲ್ಲ. ಅಂಡಾಣು ಅಥವಾ ಭ್ರೂಣವನ್ನು ಶೈತ್ಯದಲ್ಲಿ ಕಾಪಿಡುವ ಮಾತು ಚಿಕಿತ್ಸೆ ಶುರುವಾಗುವ ಮೊದಲೇ ಆಗಬೇಕು.

ಇದಕ್ಕೂ ಮೊದಲಿನ ಹಂತದ ಇನ್ನೊಂದು ರೂಪವೂ ಇದೆ. ಹಾಲಿನ ನಾಳದೊಳಗೇ ಉಳಿದಿರುವ, 'ಸ್ಟೇಜ್ ಸೊನ್ನೆ' ಎನ್ನುವ ಡಿಸಿಐಎಸ್. ಇದರಲ್ಲಿ ಕಡಿಮೆ ಅಪಾಯದ್ದನ್ನು ಆಪರೇಷನ್ ಮಾಡದೆ ಗಮನಿಸುತ್ತಿದ್ದರೆ ಸಾಕೇ ಎಂದು ಪರೀಕ್ಷಿಸಿದ ಅಮೆರಿಕದ ಕಾಮೆಟ್ ಅಧ್ಯಯನದ ಎರಡು ವರ್ಷದ ಫಲಿತಾಂಶ 2024ರ ಡಿಸೆಂಬರಿನಲ್ಲಿ ಬಂತು, ಆಶಾದಾಯಕವಾಗಿಯೇ ಇದೆ. ಆದರೆ ಅದರಲ್ಲಿದ್ದವರು ನಲವತ್ತು ದಾಟಿದವರು. ಮೂವತ್ತರ ಹರೆಯದವರು ಅದನ್ನು ಓದಿ ಸುಮ್ಮನಿರುವಂತಿಲ್ಲ. ಚಿತ್ರನಿರ್ದೇಶಕಿ ತಾಹಿರಾ ಕಶ್ಯಪ್ ಅವರಿಗೆ 2018ರಲ್ಲಿ ಪತ್ತೆಯಾದದ್ದು ಡಿಸಿಐಎಸ್, ಅವರದು ಹೈ ಗ್ರೇಡ್. 2025ರಲ್ಲಿ ಅದು ಮರಳಿದ್ದನ್ನು ಅವರೇ ಜಗತ್ತಿಗೆ ತಿಳಿಸಿದರು. ಏಳು ವರ್ಷ ಕಳೆದಿತ್ತು.

ಕಡಿಮೆ ಗ್ರೇಡಿನಲ್ಲೂ ಕಾಲ ಹೀಗೆಯೇ ಉದ್ದ. 62,923 ಮಹಿಳೆಯರ ಮಾಹಿತಿಯನ್ನು ಒಟ್ಟುಗೂಡಿಸಿದ 2017ರ ವಿಶ್ಲೇಷಣೆ ಐದು ವರ್ಷದ ಹಾರ್ಮೋನ್ ಚಿಕಿತ್ಸೆ ಮುಗಿಸಿ ರೋಗವಿಲ್ಲದೆ ಇದ್ದವರನ್ನು ಇಪ್ಪತ್ತನೆಯ ವರ್ಷದವರೆಗೆ ನೋಡಿತು. ಗಡ್ಡೆ ಸಣ್ಣದು, ಗ್ರಂಥಿಗೆ ಹೋಗಿಲ್ಲ, ಗ್ರೇಡೂ ಕಡಿಮೆ. ಇಂಥವರಲ್ಲೂ ದೂರದ ಅಂಗದಲ್ಲಿ ರೋಗ ಮರಳುವ ಸಾಧ್ಯತೆ 10%. ಹೈ ಗ್ರೇಡಿನವರಲ್ಲಿ 17%. ಅಂದರೆ ಹತ್ತರಲ್ಲಿ ಒಂಬತ್ತು ಮಂದಿಗೆ ಹಾಗಾಗುವುದಿಲ್ಲ. ಆ ಹತ್ತನೆಯವಳು ನಾನೇ ಇರಬಹುದೇ ಎಂಬ ಯೋಚನೆ ಬೆನ್ನುನೋವು ಬಂದಾಗಲೆಲ್ಲ ಏಳುತ್ತದೆ. ಇದಕ್ಕಾಗಿ ವರ್ಷವರ್ಷ ಪೆಟ್ ಸ್ಕ್ಯಾನ್ ಮಾಡಿಸಬೇಕಿಲ್ಲ. ತೊಂದರೆಯಿಲ್ಲದವರಿಗೆ ನಿಯಮಿತ ತಪಾಸಣೆ, ವರ್ಷಕ್ಕೊಂದು ಮ್ಯಾಮೊಗ್ರಾಮ್ ಸಾಕು ಎನ್ನುತ್ತವೆ ಮಾರ್ಗಸೂಚಿಗಳು. ಭಯ ತಡೆಯಲಾಗದಿದ್ದರೆ ನಿಮ್ಹಾನ್ಸ್ ಮುಂದಾಳತ್ವದ ಟೆಲಿ ಮನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತನಾಡಬಹುದು.

ಪೀಣ್ಯದ ಕಾರ್ಖಾನೆ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವವರಿಗೆ ಲೆಕ್ಕವೇ ಬೇರೆ. ತಿಂಗಳ ಸಂಬಳ 21,000 ರೂಪಾಯಿಯ ಒಳಗಿದ್ದವರಿಗೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯೇ ಆಸರೆ. ಕಾಯಿಲೆ ರಜೆಗೆ ಸಂಬಳದ 70% ಭತ್ಯೆ ವರ್ಷಕ್ಕೆ 91 ದಿನ ಸಿಗುತ್ತದೆ. ಕ್ಯಾನ್ಸರ್‌ನಂಥ ದೀರ್ಘ ಕಾಯಿಲೆಗೆ, ಎರಡು ವರ್ಷದ ಸೇವೆ ಮತ್ತು ವಂತಿಗೆಯ ಷರತ್ತು ಪೂರೈಸಿದವರಿಗೆ, 80% ಭತ್ಯೆ ಎರಡು ವರ್ಷದವರೆಗೂ ಸಿಗಬಹುದು. ಇದು ಹಕ್ಕು. ಆದರೆ ಸೂಪರ್‌ವೈಸರ್‌ಗೆ ಗೊತ್ತಾದರೆ ಲೈನಿನಿಂದ ತೆಗೆದಾರು ಎಂಬ ಅಂಜಿಕೆಯಲ್ಲಿ ಅರ್ಜಿಯನ್ನೇ ಹಾಕದವರಿರುತ್ತಾರೆ. ಮನೆಯಲ್ಲೂ ಮುಚ್ಚಿಡುವಿಕೆಗೆ ಕಾರಣ ಸಿದ್ಧವಿರುತ್ತದೆ: "ತಂಗಿ ಮದುವೆಗಿದ್ದಾಳೆ, ಹೊರಗೆ ಗೊತ್ತಾಗೋದು ಬೇಡ." ಆ ತಂಗಿಗೇ ಮೊದಲು ಗೊತ್ತಾಗಬೇಕು. ಐವತ್ತರೊಳಗೆ ಸ್ತನ ಕ್ಯಾನ್ಸರ್ ಬಂದವರಿಗೆ ಬಿಆರ್‌ಸಿಎ ವಂಶವಾಹಿ ಪರೀಕ್ಷೆಯ ಸಲಹೆ ಕೊಡುವುದೇ ಅಕ್ಕತಂಗಿಯರನ್ನೂ ಕಾಪಾಡಲು.

ಮುಚ್ಚಿಡದೆ ಬರೆದವರು ಕನ್ನಡದಲ್ಲಿದ್ದಾರೆ. ಭಾರತಿ ಬಿ.ವಿ. ಅವರ 'ಸಾಸಿವೆ ತಂದವಳು' ಸ್ತನ ಕ್ಯಾನ್ಸರಿನ ಸ್ವಂತ ಅನುಭವದ ಕಥನ. ವರದಿ ಕೈಗೆ ಬಂದ ವಾರ ಒಂದಿಷ್ಟೂ ಪರಿಚಯವಿಲ್ಲದ ಪದಗಳ ನಡುವೆ ಕಂಗೆಟ್ಟವರಿಗೆ ತಮ್ಮ ಭಾಷೆಯಲ್ಲಿ ಇನ್ನೊಬ್ಬಳ ಮಾತು ಸಿಗುವುದು ಸಣ್ಣ ಸಂಗತಿಯಲ್ಲ.

ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಇಂಥ ಹೆಣ್ಣುಮಗಳಿದ್ದರೆ "ಮುಗೀತಲ್ಲ" ಎಂದು ಮಾತು ಮುಗಿಸಬೇಡಿ. ಮಾತ್ರೆಯಿಂದ ಏನಾಗುತ್ತಿದೆ ಎಂದು ಕೇಳಿ. ಮುಂದಿನ ತಪಾಸಣೆಗೆ ಜೊತೆಯಲ್ಲಿ ಹೋಗಿ. ಮದುವೆಯಾದವಳಾದರೆ ಗಂಡನೂ ಡಾಕ್ಟರ ಮುಂದೆ ಕೂರಲಿ, ಮಗುವಿನ ಮಾತನ್ನು ಮೊದಲ ಮಾತ್ರೆ ನುಂಗುವ ಮೊದಲೇ ಇಬ್ಬರೂ ಸೇರಿ ಎತ್ತಲಿ.