ಹನ್ನೆರಡು ಹಾಡುಗಳ ಲೆಕ್ಕ

ವೈಟ್‌ಫೀಲ್ಡ್‌ನ ವಸತಿ ಸಮುಚ್ಚಯವೊಂದರ ಏಳನೇ ಮಹಡಿಯ ಮನೆಯಲ್ಲಿ ಪ್ರತಿ ತಿಂಗಳ ಎರಡನೇ ಭಾನುವಾರ ನಾವು ಹತ್ತು-ಹನ್ನೆರಡು ಮಂದಿ ಸೇರುತ್ತೇವೆ. ಇದೊಂದು ಸಂಘವಲ್ಲ. ನೋಂದಣಿಯಿಲ್ಲ, ಅಧ್ಯಕ್ಷರಿಲ್ಲ, ನಡಾವಳಿ ಪುಸ್ತಕವಿಲ್ಲ. ಮೂರು ದಶಕಗಳಿಗೂ ಹೆಚ್ಚು ಕಾಲ ಸರ್ಕಾರಿ ಕಡತಗಳ ನಡುವೆ ಕಳೆದ ನನಗೆ ಅದರಲ್ಲಿಯೇ ಒಂದು ಬಗೆಯ ಬಿಡುಗಡೆ. ದೂರವಾಣಿನಗರದ ಐಟಿಐ ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರೊಬ್ಬರು, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸಾಫ್ಟ್‌ವೇರ್ ಉದ್ಯೋಗದಲ್ಲಿರುವ ದಂಪತಿ, ಒಬ್ಬ ಶಾಲಾ ಶಿಕ್ಷಕಿ, ಪೀಣ್ಯ ಎರಡನೇ ಹಂತದ ಸಣ್ಣ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಲ್ಲುವ ಇಂಡಿ ತಾಲ್ಲೂಕಿನ ಯುವಕ, ಹೀಗೆ ಬೇರೆ ಯಾವ ಕಾರಣಕ್ಕೂ ಒಂದೆಡೆ ಕಲೆಯಲಾರದ ಜನ. 2023ರ ಅಕ್ಟೋಬರ್‌ನಲ್ಲಿ ಮೆಟ್ರೊ ನೇರಳೆ ಮಾರ್ಗ ಪೂರ್ಣಗೊಳ್ಳದೇ ಹೋಗಿದ್ದರೆ ಪೀಣ್ಯದವನು ವೈಟ್‌ಫೀಲ್ಡ್‌ಗೆ ಬಂದು ಹಾಡು ಕೇಳುವ ಮಾತು ದೂರವೇ ಉಳಿಯುತ್ತಿತ್ತು.

ನಮ್ಮ ಕೆಲಸ ಇಷ್ಟೇ. ಪ್ರತಿ ತಿಂಗಳು ಇಬ್ಬರು ತಲಾ ಹನ್ನೆರಡು ಹಾಡುಗಳ ಪಟ್ಟಿಯೊಂದನ್ನು ಕೊಡಬೇಕು. ಹಾಡಿನ ಮುಂದೆ ಗಾಯಕರು, ಸಂಗೀತ ಸಂಯೋಜಕರು, ಕವಿ, ವರ್ಷ, ಹಾಗೂ ಆ ಹಾಡು ಆ ಸ್ಥಾನದಲ್ಲಿಯೇ ಏಕೆ ಎಂಬುದಕ್ಕೆ ಒಂದೆರಡು ಸಾಲಿನ ಸಮರ್ಥನೆ. ಉಳಿದವರು ಒಂದು ತಿಂಗಳ ಕಾಲ ಅದನ್ನು ಅದೇ ಅನುಕ್ರಮದಲ್ಲಿ ಕೇಳಿ, ಮುಂದಿನ ಸಭೆಯಲ್ಲಿ ತಮ್ಮ ವಿಮರ್ಶೆಯನ್ನು ಬರೆದುಕೊಂಡು ಬಂದು ಓದಬೇಕು. ‘ಚೆನ್ನಾಗಿದೆ’ ಎಂಬ ಒಂದೇ ಮಾತು ನಿಷಿದ್ಧ.

ಹನ್ನೆರಡು ಎಂಬ ಸಂಖ್ಯೆ ನನ್ನ ಹಟ. ಅದರ ಮೂಲ 60 ನಿಮಿಷದ ಧ್ವನಿಸುರುಳಿಯಲ್ಲಿದೆ. 1982ರಲ್ಲಿ ನಾನು ಜ್ಞಾನಭಾರತಿಯಲ್ಲಿ ಅರ್ಥಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿ. ಹೊರಗೆ ಗೋಕಾಕ್ ಚಳವಳಿಯ ಕಾವು. ಒಳಗೆ, ಸಹಪಾಠಿಯೊಬ್ಬನ ಸೋದರಮಾವ ಕೊಲ್ಲಿ ರಾಷ್ಟ್ರದಿಂದ ತಂದಿದ್ದ ಟೂ-ಇನ್-ಒನ್. ನಾವು ರೂಲು ಹಾಳೆಯ ಮೇಲೆ ಹಾಡುಗಳ ಪಟ್ಟಿ ಬರೆದು, ಖಾಲಿ ಕ್ಯಾಸೆಟ್ಟಿನೊಡನೆ ಮೆಜೆಸ್ಟಿಕ್ ಸುತ್ತಿನ ರೆಕಾರ್ಡಿಂಗ್ ಅಂಗಡಿಗೆ ಕೊಟ್ಟು ಬರುತ್ತಿದ್ದೆವು. ಎರಡು ದಿನ ಬಿಟ್ಟು ಹೋದರೆ ಹಾಡು ತುಂಬಿದ ಸುರುಳಿ ಸಿಗುತ್ತಿತ್ತು. ಒಂದು ಮಗ್ಗುಲಿಗೆ 30 ನಿಮಿಷ. ನಾಲ್ಕು ನಾಲ್ಕೂವರೆ ನಿಮಿಷದ ಆರು ಹಾಡು ಹಿಡಿಸಿದ ಮೇಲೆ ಉಳಿಯುತ್ತಿದ್ದ ಮೂರು ನಿಮಿಷದಲ್ಲಿ ಏಳನೆಯದನ್ನು ತುರುಕಿಸಿದರೆ ಅದು ಚರಣದ ನಡುವೆ ಕಡಿದುಹೋಗುತ್ತಿತ್ತು. ಹಾಗೆ ಕಡಿದುಹೋದ ‘ಎರಡು ಕನಸು’ ಚಿತ್ರದ ಹಾಡೊಂದನ್ನು ಇಂದು ಪೂರ್ತಿಯಾಗಿ ಕೇಳುವಾಗಲೂ ಆ ತಾಣ ಬಂದೊಡನೆ ನನ್ನ ಕಿವಿ ತಾನಾಗಿಯೇ ನಿಶ್ಶಬ್ದವನ್ನು ನಿರೀಕ್ಷಿಸುತ್ತದೆ.

ಆ ಸುರುಳಿಗಳು ಹಾಸ್ಟೆಲ್ಲಿನ ಕೋಣೆಯಿಂದ ಕೋಣೆಗೆ ಸಾಗುತ್ತಿದ್ದವು, ಟೀಕೆಗಳೂ ಅವುಗಳೊಡನೆ ಮರಳುತ್ತಿದ್ದವು. ‘ಸಂಧ್ಯಾರಾಗ’ದಲ್ಲಿ ಭೀಮಸೇನ ಜೋಶಿಯವರು ಹಾಡಿದ್ದರ ಬೆನ್ನಿಗೇ ಕುಣಿತದ ಹಾಡನ್ನಿಟ್ಟ ಗೆಳೆಯನ ಮೇಲೆ ಒಂದು ವಾರ ಮಾತು ಬಿಟ್ಟವರಿದ್ದರು. ವಿಜಯಭಾಸ್ಕರ್ ಪಕ್ಷ, ರಾಜನ್-ನಾಗೇಂದ್ರ ಪಕ್ಷ ಎಂದು ಎರಡು ಬಣಗಳಿದ್ದವು. 1978ರಲ್ಲಿ ಬಂದಿದ್ದ ‘ನಿತ್ಯೋತ್ಸವ’ದ ಸುರುಳಿ ಇಬ್ಬರಿಗೂ ಬೇಕಾದ ತಟಸ್ಥ ಪ್ರದೇಶವಾಗಿತ್ತು. ನಿಸಾರ್ ಅಹಮದ್ ಅವರ ಕವಿತೆಗಳನ್ನು ಮೈಸೂರು ಅನಂತಸ್ವಾಮಿಯವರ ಧ್ವನಿಯಿಂದಲೇ ಮೊದಲು ಪರಿಚಯಿಸಿಕೊಂಡು, ಆಮೇಲೆ ಪುಸ್ತಕ ಹುಡುಕಿದ ತಲೆಮಾರು ನಮ್ಮದು.

ಇದಕ್ಕೂ ಹಿಂದೆ ಹಾಡನ್ನು ಹಂಚಿಕೊಳ್ಳುವ ದಾರಿ ಎಂದರೆ ಆಕಾಶವಾಣಿಗೆ ಕಾರ್ಡು ಬರೆಯುವುದು. ಈಗ ಜಾರ್ಖಂಡಿಗೆ ಸೇರಿದ ಝುಮ್ರಿ ತಲೈಯಾ ಎಂಬ ಊರು ವಿವಿಧಭಾರತಿಗೆ ಬರೆದ ಕೋರಿಕೆ ಪತ್ರಗಳಿಂದಲೇ ದೇಶಕ್ಕೆಲ್ಲ ಪರಿಚಿತವಾಯಿತು. ಆದರೆ ಕೋರಿಕೆ ಸಲ್ಲಿಸುವವನು ಒಂದು ಹಾಡನ್ನು ಬೇಡಬಹುದಿತ್ತೇ ಹೊರತು ಅದರ ಹಿಂದೆ ಮುಂದೆ ಯಾವುದಿರಬೇಕೆಂದು ಹೇಳಲಾಗುತ್ತಿರಲಿಲ್ಲ. ಆ ಅಧಿಕಾರವನ್ನು ಸಾಮಾನ್ಯ ಕೇಳುಗನ ಕೈಗೆ ಕೊಟ್ಟಿದ್ದು, ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಆ ಪುಟ್ಟ ಸುರುಳಿ.

ಇಲ್ಲಿ ಒಂದು ತಪ್ಪೊಪ್ಪಿಗೆ ಅಗತ್ಯ. ಅಂಗಡಿಯಾತ ಹಣ ಪಡೆದು ಮಾಡಿಕೊಡುತ್ತಿದ್ದ ಆ ಪ್ರತಿಗಳು 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಕ್ರಮವಾಗಿರಲಿಲ್ಲ. ಖಾಸಗಿ ಬಳಕೆಗೆ ಕಾಯ್ದೆಯಲ್ಲಿ ವಿನಾಯಿತಿಯುಂಟು. ಅದನ್ನೇ ವ್ಯಾಪಾರ ಮಾಡಿಕೊಂಡವನಿಗಿಲ್ಲ. ನಮ್ಮ ಹಣದಲ್ಲಿ ಒಂದು ಕಾಸೂ ಚಿ. ಉದಯಶಂಕರ್ ಅವರಿಗಾಗಲೀ ಆರ್.ಎನ್. ಜಯಗೋಪಾಲ್ ಅವರಿಗಾಗಲೀ ತಲುಪಿರಲಾರದು. ಚಿತ್ರಗೀತೆ ಬರೆದವರಿಗೂ ಸ್ವರ ಹಾಕಿದವರಿಗೂ ಚಿತ್ರಮಂದಿರದ ಹೊರಗಿನ ಬಳಕೆಯಲ್ಲಿ ಗೌರವಧನದ ಪಾಲನ್ನು ಕಾನೂನು ಗಟ್ಟಿಯಾಗಿ ಕೊಟ್ಟಿದ್ದು 2012ರ ತಿದ್ದುಪಡಿಯಲ್ಲಿ. ಆ ವೇಳೆಗೆ ಉದಯಶಂಕರ್ ತೀರಿಹೋಗಿ ಹತ್ತೊಂಬತ್ತು ವರ್ಷಗಳಾಗಿದ್ದವು. ಪಟ್ಟಿಯಲ್ಲಿ ಕವಿಯ ಹೆಸರು ಕಡ್ಡಾಯವಾಗಿರಬೇಕೆಂದು ನಾನು ವಾದಿಸಿದ್ದರ ಹಿಂದೆ ಈ ಹಳೆಯ ಸಾಲದ ನೆನಪೂ ಇತ್ತು.

ಮುಂದಿನ ಕಥೆ ಎಲ್ಲರಿಗೂ ತಿಳಿದದ್ದೇ. 700 ಎಂಬಿಯ ಒಂದು ಸಿ.ಡಿ.ಯಲ್ಲಿ ಎಂಪಿ3 ರೂಪದ ನೂರೈವತ್ತು ಹಾಡುಗಳು ಬಂದು ಕುಳಿತವು. ಆಮೇಲೆ ಮೊಬೈಲ್‌ನ ಮೆಮೊರಿ ಕಾರ್ಡು. ದಾಸರಹಳ್ಳಿ, ಲಗ್ಗೆರೆ, ಬೊಮ್ಮಸಂದ್ರಗಳ ಮೊಬೈಲ್ ಅಂಗಡಿಗಳಲ್ಲಿ ಸಂಬಳದ ದಿನ ಕಾರ್ಮಿಕರು ಕಾರ್ಡು ಕೊಟ್ಟು ‘ತುಂಬಿಸಿಕೊಳ್ಳುತ್ತಿದ್ದ’ ಕಾಲವೊಂದಿತ್ತು. ನಮ್ಮ ಮೆಜೆಸ್ಟಿಕ್ ಅಂಗಡಿಯ ಮೊಮ್ಮಕ್ಕಳು ಅವು. ಈಗ ಅಂತರಜಾಲದಿಂದ ನೇರವಾಗಿ ಹಾಡು ಹರಿದು ಬರುತ್ತದೆ. ಸ್ಪಾಟಿಫೈ 2019ರ ಫೆಬ್ರುವರಿಯಲ್ಲಿ ಭಾರತಕ್ಕೆ ಬಂದಿತು. ಅದಕ್ಕೆ ಮೊದಲೇ ದೇಶೀ ಸೇವೆಗಳು ಇದ್ದವು. ಕೋಟಿಗಟ್ಟಲೆ ಹಾಡುಗಳು ಅಂಗೈಯಲ್ಲಿ. ಮುಂದಿನದು ಯಾವುದೆಂದು ಯಂತ್ರವೇ ಲೆಕ್ಕ ಹಾಕಿ ನುಡಿಸುತ್ತದೆ. ಅದು ನಾನು ನಿನ್ನೆ ಕೇಳಿದ್ದಕ್ಕೆ ಹತ್ತಿರವಾದದ್ದನ್ನೇ ಇಂದು ಕೊಡುತ್ತದೆ, ಮತ್ತು ಏಕೆ ಕೊಟ್ಟೆ ಎಂದು ಅದರೊಡನೆ ಜಗಳವಾಡಲಾಗದು.

ಮಿತವಾದ ಸಾಧನ ಹಾಗೂ ಅವುಗಳ ಪರ್ಯಾಯ ಬಳಕೆಗಳ ನಡುವಣ ಆಯ್ಕೆಯೇ ಅರ್ಥಶಾಸ್ತ್ರದ ವಿಷಯವೆಂದು ಲಯೊನೆಲ್ ರಾಬಿನ್ಸ್ 1932ರಲ್ಲಿ ನಿರೂಪಿಸಿದ. ನಾಲ್ಕು ದಶಕದ ತರುವಾಯ ಹರ್ಬರ್ಟ್ ಸೈಮನ್, ಮಾಹಿತಿ ವಿಪುಲವಾದಷ್ಟೂ ಮನುಷ್ಯನ ಗಮನ ದುರ್ಲಭವಾಗುತ್ತದೆ ಎಂಬುದರತ್ತ ಬೊಟ್ಟುಮಾಡಿದ. ಸುರುಳಿಯ ಕೊರತೆ ಹೋಯಿತು, ಕಿವಿಯ ಕೊರತೆ ಬಂತು. ಆದ್ದರಿಂದ ಹನ್ನೆರಡರ ಮಿತಿಯನ್ನು ನಾವೇ ಹೇರಿಕೊಳ್ಳಬೇಕು ಎಂದು ನಾನು ನಮ್ಮ ಸಭೆಯಲ್ಲಿ ಸಾಕಷ್ಟು ಗಂಭೀರವಾಗಿಯೇ ಮಂಡಿಸಿದ್ದೆ. ಎಲ್ಲರೂ ಒಪ್ಪಿದರು. ನಿಯಮ ಮಾಡುವುದು ನನಗೆ ಹಳೆಯ ಅಭ್ಯಾಸ.

ನಿಯಮ ಫಲ ಕೊಟ್ಟಿತು ಕೂಡ. ಐಟಿಐ ಹಿರಿಯರು ‘ಗೆಜ್ಜೆಪೂಜೆ’ಯಿಂದ ಆರಂಭಿಸಿ ಬರೇ ಎಸ್. ಜಾನಕಿಯವರ ಹಾಡುಗಳ ಪಟ್ಟಿ ಕೊಟ್ಟಾಗ, ಒಂದೇ ಕಂಠವನ್ನು ಹನ್ನೆರಡು ಬಾರಿ ಕೇಳುವುದು ಭಕ್ತಿಯೋ ವಿಮರ್ಶೆಯೋ ಎಂದು ಶಿಕ್ಷಕಿ ಕೇಳಿದರು. ಒಂದು ಗಂಟೆ ಚರ್ಚೆ ನಡೆಯಿತು. ಸಾಫ್ಟ್‌ವೇರ್ ದಂಪತಿಯ ಪಟ್ಟಿಯಲ್ಲಿ ‘ಮುಂಗಾರು ಮಳೆ’ ಬಂದಾಗ ನಾನು ಮೂಗು ಮುರಿದೆ. ಅದರ ಸಂಯೋಜಕ ಮನೋಮೂರ್ತಿ ಅಮೆರಿಕದಲ್ಲಿ ಸಾಫ್ಟ್‌ವೇರ್ ಉದ್ಯಮ ನಡೆಸಿದವರು, ತಾವು ಆ ಹಾಡುಗಳನ್ನು 2007ರಲ್ಲಿ ಕಂಪನಿ ಬಸ್ಸಿನ ಕಿಟಕಿಯ ಪಕ್ಕ ಕೂತು ಹೊಸೂರು ರಸ್ತೆಯ ವಾಹನ ಸಂದಣಿಯಲ್ಲಿ ಕೇಳಿದವರು, ಆಗ ಮೇಲ್ಸೇತುವೆಯಿನ್ನೂ ಆಗಿರಲಿಲ್ಲ, ಜಯಂತ ಕಾಯ್ಕಿಣಿಯವರ ಪದಗಳಷ್ಟೇ ಆಗ ಮುಂದಕ್ಕೆ ಚಲಿಸುತ್ತಿದ್ದವು ಎಂದು ಆಕೆ ಬರೆದ ಎರಡು ಸಾಲಿನ ಸಮರ್ಥನೆಯನ್ನು ಓದಿದ ಮೇಲೆ ನನ್ನ ಮೂಗು ಮೊದಲಿನ ಸ್ಥಾನಕ್ಕೆ ಬಂತು.

ಕಳೆದ ಮಾರ್ಚ್‌ನಲ್ಲಿ ಪೀಣ್ಯದ ಯುವಕನ ಸರದಿ. ಆತನ ಪಟ್ಟಿಯಲ್ಲಿ ಚಿತ್ರಗೀತೆ ಮೂರೇ. ಉಳಿದದ್ದು ಡೊಳ್ಳಿನ ಪದ, ಮೊಹರಂ ಪದ, ಭಜನೆ, ಕೊನೆಗೆ ಹರದೇಶಿ-ನಾಗೇಶಿ ಗಾಯನದ ಒಂದು ಭಾಗ. ಹೆಚ್ಚಿನವು ಯಾವ ಸೇವೆಯಲ್ಲಿಯೂ ಸಿಗುವಂಥವಲ್ಲ. ಊರ ಜಾತ್ರೆಯಲ್ಲಿ ಆತನೇ ಫೋನಿನಲ್ಲಿ ಹಿಡಿದವು. ಕೊನೆಯದು ಇಪ್ಪತ್ತೆರಡು ನಿಮಿಷದ್ದು. ಕವಿಯ ಹೆಸರಿನ ಅಂಕಣ ಒಂಬತ್ತು ಕಡೆ ಖಾಲಿ. ನಾನು ನನ್ನ ವಿಮರ್ಶೆಯಲ್ಲಿ, ಧ್ವನಿಮುದ್ರಣ ಅಸ್ಪಷ್ಟ, ಪುನರಾವರ್ತನೆ ವಿಪರೀತ, ಕವಿಗಳ ಹೆಸರನ್ನು ಕೈಬಿಟ್ಟಿರುವುದು ನಿಯಮೋಲ್ಲಂಘನೆ, ಕೊನೆಯ ಹಾಡು ಉಳಿದವುಗಳ ಸಮತೋಲ ಕೆಡಿಸಿದೆ ಎಂದು ಬರೆದು ಓದಿದೆ. ಕಡತದ ಅಂಚಿನಲ್ಲಿ ಟಿಪ್ಪಣಿ ಬರೆಯುವ ಭಾಷೆಯಲ್ಲಿಯೇ ಓದಿದೆ. ಆತ ಏನೂ ಹೇಳಲಿಲ್ಲ. ಚಹಾ ಕುಡಿದು ಹೋದ. ಏಪ್ರಿಲ್‌ನಲ್ಲಿ ಬರಲಿಲ್ಲ, ಮೇನಲ್ಲಿಯೂ ಬರಲಿಲ್ಲ. ಪಾಳಿ ಬದಲಾಗಿರಬೇಕೆಂದು ಯಾರೋ ಅಂದರು. ಹಾಗೆ ನಂಬುವುದು ನನಗೂ ಅನುಕೂಲವಾಗಿತ್ತು.

ಜೂನ್‌ನಲ್ಲಿ ನಾನೇ ಹೋದೆ. ಪೀಣ್ಯ ಇಂಡಸ್ಟ್ರಿ ನಿಲ್ದಾಣದಲ್ಲಿ ಇಳಿದು, ಲೋಹದ ಚೂರು ತುಂಬಿದ ಆಟೊಗಳು ಸಾಗುವ ಅಡ್ಡರಸ್ತೆಯೊಂದರ ಚಹಾ ಅಂಗಡಿಯಲ್ಲಿ ಕಾಯ್ದೆ. ಎರಡು ಗಂಟೆಗೆ ಮೊದಲ ಪಾಳಿ ಬಿಟ್ಟಿತು. ಆತನಿಗೆ ಆಶ್ಚರ್ಯವಾಯಿತು, ಸಂಕೋಚವೂ ಆಯಿತು. ನಾನು ಹಾಡಿನ ಮಾತೆತ್ತಿದಾಗ ಸ್ವಲ್ಪ ಹೊತ್ತು ಬಿಟ್ಟು ಆತ ಹೇಳಿದ್ದು ಹೀಗಿತ್ತು. ಹರದೇಶಿಯವರು ಪುರುಷ ಹೆಚ್ಚೆಂದು, ಶಿವ ಹೆಚ್ಚೆಂದು ಹಾಡುತ್ತಾರೆ. ನಾಗೇಶಿಯವರು ಹೆಣ್ಣು ಹೆಚ್ಚು, ಶಕ್ತಿ ಹೆಚ್ಚು ಎನ್ನುತ್ತಾರೆ. ಒಬ್ಬರ ಪದಕ್ಕೆ ಇನ್ನೊಬ್ಬರು ಉತ್ತರ ಕೊಡಬೇಕು, ರಾತ್ರಿಯಿಡೀ. ನಾನು ಪುನರಾವರ್ತನೆ ಎಂದುಕೊಂಡದ್ದು ಎದುರಾಳಿಯ ಮಾತನ್ನು ಎತ್ತಿ ಹೇಳಿ ಖಂಡಿಸುವ ಕ್ರಮ. ಹನ್ನೆರಡರ ಲೆಕ್ಕದಲ್ಲಿ ಎರಡೂ ಪಕ್ಷ ಹಿಡಿಸದ ಕಾರಣ ಆತ ಉತ್ತರವನ್ನಷ್ಟೇ ಇಟ್ಟು ಪ್ರಶ್ನೆಯನ್ನು ಬಿಟ್ಟಿದ್ದ. ಇನ್ನು ಕವಿಯ ಹೆಸರು. ಪದದ ಕಡೆಯ ನುಡಿಯಲ್ಲಿ ಕವಿಯ ಅಂಕಿತ ಬರುತ್ತದೆ, ಊರೂ ಬರುತ್ತದೆ, ಗುರುವೂ ಬರುತ್ತಾನೆ. “ಕೊನಿತನಕ ಕೇಳಿದ್ರ ನಿಮಗ ಸಿಗ್ತಿತ್ರಿ ಸರ್” ಎಂದ. ಅದರಲ್ಲಿ ವ್ಯಂಗ್ಯವಿರಲಿಲ್ಲ, ಮಾಹಿತಿಯಿತ್ತು ಅಷ್ಟೆ.

ನಾನು ಕೊನೆಯವರೆಗೆ ಕೇಳಿರಲಿಲ್ಲ. ಒಂಬತ್ತನೆಯ ನಿಮಿಷಕ್ಕೋ ಹತ್ತನೆಯದಕ್ಕೋ ನಿಲ್ಲಿಸಿ ಟಿಪ್ಪಣಿ ಬರೆದಿದ್ದೆ. ಪೂರ್ತಿ ಕೇಳದವನು ಅಭಿಪ್ರಾಯ ಹೇಳಬಾರದೆಂಬುದು ನಮ್ಮ ಗುಂಪಿನ ಮೊದಲ ನಿಯಮ, ಅದನ್ನು ಬರೆದವನೂ ನಾನೇ.

ಪೀಟರ್ ಮ್ಯಾನುಯೆಲ್ ಎಂಬ ವಿದ್ವಾಂಸರು 1993ರಲ್ಲಿ ಪ್ರಕಟವಾದ ತಮ್ಮ ‘ಕ್ಯಾಸೆಟ್ ಕಲ್ಚರ್’ ಗ್ರಂಥದಲ್ಲಿ, ಅಗ್ಗದ ಸುರುಳಿ ಬಂದ ಮೇಲೆ ಭಾರತದಲ್ಲಿ ದೊಡ್ಡ ಕಂಪನಿಯ ಏಕಸ್ವಾಮ್ಯ ಮುರಿದು, ಪ್ರಾಂತೀಯ ಹಾಗೂ ಜನಪದ ಸಂಗೀತಕ್ಕೆ ತನ್ನದೇ ಮಾರುಕಟ್ಟೆ ದೊರೆತದ್ದನ್ನು ವಿವರಿಸಿದ್ದಾರೆ. ಅದನ್ನು ನಾನು ಸೇವೆಯಲ್ಲಿದ್ದಾಗಲೇ ಮೆಚ್ಚಿ ಓದಿದ್ದೆ. ರಾಯಚೂರಿನಲ್ಲಿದ್ದ ಎರಡು ವರ್ಷ ಬಸ್ ನಿಲ್ದಾಣದ ಅಂಗಡಿಗಳಲ್ಲಿ ಗೀಗೀ ಪದಗಳ ಸುರುಳಿಗಳು ಸಾಲಾಗಿ ಜೋಡಿಸಿಟ್ಟಿದ್ದನ್ನು ಕಂಡಿದ್ದೆ, ಒಂದನ್ನೂ ಕೊಂಡಿರಲಿಲ್ಲ. ನನ್ನ ಧ್ವನಿಸುರುಳಿಯ ಸ್ಮೃತಿಯೆಲ್ಲ ಜ್ಞಾನಭಾರತಿಯ ಹಾಸ್ಟೆಲ್ಲಿನದು. ಡಪ್ಪು ತುಂತುಣಿಗಳ ಸುರುಳಿ ಅದೇ ಗಾತ್ರದ್ದು, ಅದೇ 60 ನಿಮಿಷದ್ದು. ಅದನ್ನು ಕೇಳುತ್ತಿದ್ದವರು ಹನ್ನೆರಡು ಹಾಡು ಎಣಿಸುತ್ತಿರಲಿಲ್ಲ, ಒಂದು ವಾದದ ಎರಡು ಮಗ್ಗುಲನ್ನು ತಿರುವಿ ಹಾಕಿ ಕೇಳುತ್ತಿದ್ದರು.

ಆ ದಿನ ಚಹಾ ಅಂಗಡಿಯ ಬೆಂಚಿನ ಮೇಲೆ ಒಂದೊಂದು ಕಿವಿಗೆ ಒಂದೊಂದು ಇಯರ್‌ಫೋನ್ ಸಿಕ್ಕಿಸಿಕೊಂಡು ಪ್ರಶ್ನೆ-ಉತ್ತರ ಎರಡನ್ನೂ ಕೇಳಿದೆವು, ಒಟ್ಟು ನಲವತ್ತು ನಿಮಿಷ. ಎದುರಿನ ಶೆಡ್ಡಿನ ಪ್ರೆಸ್ ಯಂತ್ರದ ಬಡಿತ ಬೇರೆ. ಅರ್ಧದಷ್ಟು ಪದಗಳು ನನಗೆ ಅರ್ಥವಾಗಲಿಲ್ಲ. ಆತ ನಡುನಡುವೆ ನಿಲ್ಲಿಸಿ ಹೇಳಿದ. ನಾಗೇಶಿ ಹಾಡಿದಾಕೆಯ ವಾದವೇ ಬಲವಾಗಿತ್ತೆಂದು ನನಗನ್ನಿಸಿತು, ಆತ ಒಪ್ಪಲಿಲ್ಲ. ಹಾಡಿದ ಇಬ್ಬರಿಗೂ ಈ ಮುದ್ರಣದ ಸಂಗತಿ ಗೊತ್ತೇ ಎಂದು ಕೇಳಿದೆ. 1994ರ ತಿದ್ದುಪಡಿಯಿಂದ ಪ್ರದರ್ಶಕರಿಗೂ ಹಕ್ಕುಂಟು ಎಂಬ ವಿಷಯ ಬಾಯಿತುದಿಗೆ ಬಂದಿತ್ತು. ಜಾತ್ರೆಯಲ್ಲಿ ಅವರೇ ಎದುರಿಗೆ ಕೂರಿಸಿಕೊಂಡು, ಫೋನು ಇನ್ನಷ್ಟು ಹತ್ತಿರ ಹಿಡಿಯೆಂದಿದ್ದರಂತೆ.

ಜುಲೈ ಸಭೆಗೆ ಆತ ಬಂದ. ಹನ್ನೆರಡರ ಬದಲು ಒಂದು ಗಂಟೆ ಎಂದು ನಿಯಮವನ್ನು ತಿದ್ದಬೇಕೆಂದು ನಾನು ಸೂಚಿಸಿದೆ. ಐಟಿಐ ಹಿರಿಯರು ಬಲವಾಗಿ ವಿರೋಧಿಸಿದರು. ಹಾಗಾದರೆ ಯಾರಾದರೂ ಒಂದೇ ರಾಗವನ್ನು ಒಂದು ಗಂಟೆ ಕೊಟ್ಟು ಕೂಡುತ್ತಾರೆ ಎಂಬುದು ಅವರ ಆತಂಕ. ಅದಿನ್ನೂ ತೀರ್ಮಾನವಾಗಿಲ್ಲ. ಆ ತಿಂಗಳು ಚರ್ಚೆಗಿದ್ದದ್ದು ನನ್ನ ಪಟ್ಟಿ. ಪೀಣ್ಯದ ಯುವಕ ಜೇಬಿನಿಂದ ನಾಲ್ಕು ಮಡಿಕೆಯ ಹಾಳೆ ತೆಗೆದು ಓದಿದ: ಹನ್ನೆರಡರಲ್ಲಿ ಹನ್ನೊಂದು ಹಾಡು 1985ಕ್ಕಿಂತ ಹಿಂದಿನವು, ಎಲ್ಲವೂ ಬೆಂಗಳೂರು-ಮೈಸೂರಿನ ಕನ್ನಡದಲ್ಲಿವೆ, ಐದನೆಯದರಿಂದ ಎಂಟನೆಯದರವರೆಗೆ ಒಂದೇ ನಡೆ, ಒಂಬತ್ತನೆಯದು ಬಹಳ ಚಲೋ ಅದ ಆದರೆ ಅದು ಮೊದಲು ಬರಬೇಕಿತ್ತು.

ಒಂಬತ್ತನೆಯದು ‘ಎರಡು ಕನಸು’ ಚಿತ್ರದ ಆ ಹಾಡು. ಅದನ್ನು ಮೊದಲಿಗಿಟ್ಟು ಮನೆಯಲ್ಲಿ ಎರಡು ಬಾರಿ ಕೇಳಿ ನೋಡಿದ್ದೇನೆ. ಮುಂದಿನ ಭಾನುವಾರ ಉತ್ತರ ಹೇಳಬೇಕಾಗಿದೆ.