ಕಾರಿನ ಮೇಲೆ ಬಿದ್ದ ಜಿಗುಟು ಯಾರದು?

ಚಳಿ ಹಿಂದೆ ಸರಿದು ಮರಗಳು ಚಿಗುರುವ ಹೊತ್ತಿಗೆ ಜಯನಗರ, ಮಲ್ಲೇಶ್ವರ, ಬಸವನಗುಡಿಯ ಒಳರಸ್ತೆಗಳಲ್ಲಿ ಕಾರಿಟ್ಟವರ ಗೊಣಗಾಟ ಶುರುವಾಗುತ್ತದೆ. ರಾತ್ರಿ ನಿಲ್ಲಿಸಿದಾಗ ಚೆನ್ನಾಗಿದ್ದ ಗಾಡಿಯ ಗಾಜಿನ ತುಂಬ ಬೆಳಿಗ್ಗೆ ಸಣ್ಣ ಸಣ್ಣ ಚುಕ್ಕೆ. ಬೆರಳಿಟ್ಟರೆ ಅಂಟುತ್ತದೆ, ವೈಪರ್ ಹಾಕಿದರೆ ಗಾಜೆಲ್ಲ ಮಬ್ಬು. ಅದರ ಮೇಲೆ ರಸ್ತೆಯ ಧೂಳು, ಧೂಳಿನ ಮೇಲೆ ಒಂದಿಷ್ಟು ತರಗೆಲೆ. ಮಾಲೀಕರು ತಲೆಯೆತ್ತಿ ಮರಕ್ಕೆ ಬೈಯುತ್ತಾರೆ. ಆದರೆ ಆ ಜಿಗುಟು ಬಹುಪಾಲು ಮರದ್ದಲ್ಲ, ಮರದ ಮೇಲೆ ಕೂತಿರುವ ಹುಳಗಳದ್ದು.

ಎಲೆಯಲ್ಲಿ ತಯಾರಾದ ಸಕ್ಕರೆ ಬೇರಿಗೂ ಕಾಯಿಗೂ ಹರಿದು ಹೋಗಲು ಮರದೊಳಗೆ ನಾಳಗಳಿವೆ. ಸಸ್ಯಹೇನು, ಹಿಟ್ಟು ತಿಗಣೆ, ಶಲ್ಕ ಕೀಟ, ಬಿಳಿನೊಣ, ಜಿಗಿಹುಳು ಇವೆಲ್ಲ ಮೊನಚು ಬಾಯನ್ನು ಆ ನಾಳಕ್ಕೇ ಚುಚ್ಚಿ ಕೂರುತ್ತವೆ. ಅಲ್ಲಿ ಸಿಗುವ ರಸದಲ್ಲಿ ಸಕ್ಕರೆ ಧಾರಾಳ, ಮೈ ಬೆಳೆಯಲು ಬೇಕಾದ ಅಮೈನೋ ಆಮ್ಲ ಮಾತ್ರ ತೀರ ಕಡಿಮೆ. ಬೇಕಾದಷ್ಟು ಪೌಷ್ಟಿಕಾಂಶ ದಕ್ಕಬೇಕಾದರೆ ಅವು ಒಂದೇ ಸಮನೆ ಹೀರುತ್ತಲೇ ಇರಬೇಕು. ಹೆಚ್ಚಾದ ಸಕ್ಕರೆ ನೀರನ್ನು ಹಿಂದಿನಿಂದ ಹೊರಹಾಕುತ್ತವೆ. ನಿಮ್ಮ ಬಾನೆಟ್ಟಿನ ಮೇಲೆ ಹೊಳೆಯುತ್ತಿರುವುದು ಅದೇ. ಕೇಳಲು ಅಸಹ್ಯವಾದರೂ ಜರ್ಮನಿಯಲ್ಲಿ ಇದೇ ಸಿಹಿ ಹನಿಗಳನ್ನು ಜೇನ್ನೊಣಗಳು ಸಂಗ್ರಹಿಸಿ ಮಾಡಿದ ತುಪ್ಪ ‘ಕಾಡುಜೇನು’ ಎಂಬ ಹೆಸರಿನಲ್ಲಿ ಒಳ್ಳೆಯ ಬೆಲೆಗೆ ಮಾರಾಟವಾಗುತ್ತದೆ.

ನಮ್ಮ ರೈತರಿಗೆ ಇದು ಹೊಸದಲ್ಲ. ಶ್ರೀನಿವಾಸಪುರದ ಕಡೆ ಮಾವು ಹೂಬಿಟ್ಟಾಗ ಜಿಗಿಹುಳು ಬಿದ್ದರೆ ಮರದಡಿಯ ಎಲೆಗಳೆಲ್ಲ ಅಂಟಂಟಾಗಿ, ಆಮೇಲೆ ಅದರ ಮೇಲೆ ಕಪ್ಪು ಬೂಷ್ಟು ಹಬ್ಬುವುದನ್ನು ಅವರು ಕಂಡಿದ್ದಾರೆ. ಬೂಷ್ಟಿಗೆ ಸಕ್ಕರೆಯೇ ಊಟ. ತೆಂಗಿಗೆ ಈ ಕಾಟ ಬಂದದ್ದು ಈಚೆಗೆ. ಅಮೆರಿಕ ಖಂಡದ ಕಡೆಯಿಂದ ಬಂದ ರುಗೋಸ್ ಸುರುಳಿ ಬಿಳಿನೊಣ 2016ರಲ್ಲಿ ತಮಿಳುನಾಡಿನ ಪೊಳ್ಳಾಚಿ ಭಾಗದಲ್ಲಿ ಕಾಣಿಸಿಕೊಂಡು ನಮ್ಮ ತೋಟಗಳಿಗೂ ಹರಡಿತು. ಅದು ಹತ್ತಿದ ತೆಂಗಿನ ಕೆಳಗೆ ಬಾಳೆಯೆಲೆಯೂ ಕಪ್ಪು, ಹೆಂಚೂ ಕಪ್ಪು, ಅಂಗಳದಲ್ಲಿ ನಿಂತ ಬಿಳಿ ಕಾರೂ ಕಪ್ಪು. ತೆಂಗಿನಡಿ ಗಾಡಿ ನಿಲ್ಲಿಸಬಾರದು ಎನ್ನಲು ಕಾಯಿ ಬೀಳುವುದೊಂದೇ ಕಾರಣವಾಗಿದ್ದ ಕಾಲ ಹೋಯಿತು.

ಹಾಗಂತ ಮರ ಪೂರ್ತಿ ನಿರಪರಾಧಿ ಎಂದೂ ಹೇಳಲಾಗದು. ಅತ್ತಿ, ಬಸರಿ, ಹಲಸು ಗಾಯವಾದಲ್ಲಿ ಹಾಲು ಸುರಿಸುತ್ತವೆ. ಬೇವು, ನುಗ್ಗೆ ಗೋಂದು ಬಿಡುತ್ತವೆ. ನೇರಳೆಯ ಹಣ್ಣು ಬಿದ್ದು ಒಡೆದರೆ ನೇರಳೆ ಕಲೆ, ಅದನ್ನು ತಿಂದ ಹಕ್ಕಿಯ ಹಿಕ್ಕೆ ಬಿದ್ದರೆ ಅದಕ್ಕಿಂತ ಕೆಟ್ಟದ್ದು. ಮಳೆಮರದ ಕಾಯಿಯೊಳಗಿನ ಸಿಹಿ ಅಂಟು ಎಂಥದ್ದೆಂದರೆ, ಹಳೇ ಮೈಸೂರು ಸೀಮೆಯ ಹುಡುಗರು ಅದನ್ನು ಜಜ್ಜಿ ಉಂಡೆ ಕಟ್ಟಿ ಒಣಗಿಸಿ ಕ್ರಿಕೆಟ್ ಚೆಂಡು ಮಾಡುತ್ತಿದ್ದರು. ಆ ಕಾಯಿ ಚಕ್ರಕ್ಕೆ ಸಿಕ್ಕಿ ನುಜ್ಜಾಗಿ ಮಡ್‌ಗಾರ್ಡಿನ ಒಳಮೈಗೆ ಮೆತ್ತಿಕೊಂಡರೆ ಬಿಡಿಸುವವರ ಪಾಡು ಯಾರಿಗೂ ಬೇಡ.

1908ರಲ್ಲಿ ಬರೋಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದ ಜರ್ಮನ್ ತೋಟಗಾರಿಕಾ ತಜ್ಞ ಕ್ರುಂಬೀಗಲ್, ವರ್ಷದ ಯಾವ ತಿಂಗಳಲ್ಲೂ ಬೆಂಗಳೂರಿನ ಯಾವುದಾದರೊಂದು ಸಾಲುಮರ ಹೂ ಬಿಟ್ಟಿರಬೇಕು ಎಂಬ ಲೆಕ್ಕದಲ್ಲಿ ಮರಗಳನ್ನು ಆರಿಸಿದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ಮುಂದಾಳತ್ವದಲ್ಲಿ ಊರಿನಲ್ಲಿ ಸುಮಾರು 15 ಲಕ್ಷ ಸಸಿಗಳು ನೆಲ ಕಂಡವು. ವರ್ಷವಿಡೀ ಹೂವೆಂದರೆ ವರ್ಷವಿಡೀ ಉದುರುವುದೂ ಉಂಟಲ್ಲ! ಇಬ್ಬರೂ ಗಿಡ ನೆಡುವಾಗ ಮನೆಗೆರಡು ಕಾರು ಬೀದಿಯಲ್ಲಿ ನಿಲ್ಲುತ್ತವೆಂದು ಎಣಿಸಿರಲಾರರು.

ಎಲ್ಲಿ ನಿಲ್ಲಿಸಬೇಕು ಎಂದು ತಿಳಿಯಲು ಮರ ನೋಡುವುದಕ್ಕಿಂತ ನೆಲ ನೋಡುವುದು ಒಳ್ಳೆಯದು. ಚಪ್ಪಡಿ ಕಪ್ಪಾಗಿ, ಕಾಲಿಟ್ಟರೆ ಚಪ್ಪಲಿ ಹಿಡಿದುಕೊಳ್ಳುವಂತಿದ್ದರೆ ಮೇಲೆ ಹುಳಗಳ ಸಂಸಾರವಿದೆ. ಕಾಂಡದ ಮೇಲೆ ಇರುವೆಯ ಸಾಲು ಮೇಲಕ್ಕೂ ಕೆಳಕ್ಕೂ ಓಡುತ್ತಿದ್ದರೆ ಅನುಮಾನವೇ ಬೇಡ. ಬೀಜ, ಹಿಪ್ಪೆ, ಹಿಕ್ಕೆ ಬಿದ್ದಿದ್ದರೆ ರಾತ್ರಿ ಬಾವಲಿಗಳ ಪಂಕ್ತಿ ಭೋಜನ ನಡೆಯುತ್ತಿದೆ ಎಂದರ್ಥ. ಗಾಳಿಯಿಲ್ಲದ ರಾತ್ರಿ ಹುಳದ ಹನಿ ಹೆಚ್ಚುಕಡಿಮೆ ನೇರ ಕೆಳಗೇ ಬೀಳುತ್ತದೆ. ಹಾಗಾಗಿ ಕಾರನ್ನು ಒಂದು ಗಾಡಿಯಷ್ಟು ಮುಂದಕ್ಕೋ ಹಿಂದಕ್ಕೋ ಸರಿಸಿದರೆ ಎಷ್ಟೋ ಸಲ ಕೆಲಸ ಮುಗಿಯುತ್ತದೆ. ಜಾಗ ಸಿಗುವುದೇ ಪುಣ್ಯ ಎನ್ನುವ ಬೀದಿಗಳಲ್ಲಿ ಈ ಉಪದೇಶ ನಡೆಯದು, ಗೊತ್ತು.

ಕಾರಿನ ಬಣ್ಣಕ್ಕೆ ಇದರಿಂದ ಏನಾಗುತ್ತದೆ? ತಗಡಿನ ಮೇಲೆ ತುಕ್ಕು ತಡೆಯುವ ಲೇಪ, ಪ್ರೈಮರ್, ಬಣ್ಣ, ಎಲ್ಲಕ್ಕೂ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್. ಇಷ್ಟೂ ಸೇರಿ ದಪ್ಪ ಸುಮಾರು 100ರಿಂದ 120 ಮೈಕ್ರಾನ್. ಹೊಳಪು ಕೊಡುವ ಮೇಲಿನ ಪದರವಂತೂ 50 ಮೈಕ್ರಾನಿನ ಆಸುಪಾಸು, ಅಂದರೆ ತಲೆಗೂದಲಿಗಿಂತ ತೆಳು. ಮಧ್ಯಾಹ್ನದ ಬಿಸಿಲಿಗೆ ಗಾಢ ಬಣ್ಣದ ಬಾನೆಟ್ಟು 60-70 ಡಿಗ್ರಿ ತಲುಪಿದಾಗ ಈ ಪದರ ಸ್ವಲ್ಪ ಮೆದುವಾಗುತ್ತದೆ. ಅದೇ ಹೊತ್ತಿಗೆ ಮೇಲಿನ ಹಿಕ್ಕೆಯೋ ಅಂಟೋ ಒಣಗಿ ಗಟ್ಟಿಯಾಗುತ್ತದೆ. ಸಂಜೆ ತಣಿದಾಗ ಪದರ ಅದರ ಆಕಾರಕ್ಕೇ ಬಿಗಿದುಕೊಂಡು ಗುರುತು ಉಳಿಯುತ್ತದೆ. ಹಿಕ್ಕೆಯಲ್ಲಿ ಯೂರಿಕ್ ಆಮ್ಲವೂ ಇರುವುದರಿಂದ ಅದನ್ನು ಒಂದು ದಿನವೂ ಬಿಡಬಾರದು. ಹುಳದ ಜಿಗುಟು ಅಷ್ಟು ಅವಸರದ್ದಲ್ಲ. ಆದರೂ ವಾರಗಟ್ಟಲೆ ಬಿಸಿಲಲ್ಲಿ ಬೇಯಲು ಬಿಟ್ಟರೆ ಅದೂ ಕಚ್ಚಿಕೊಳ್ಳುತ್ತದೆ.

ಇದಕ್ಕಿಂತ ದೊಡ್ಡ ಹಾನಿ ನಮ್ಮ ಒರೆಸುವ ಕೈಯಿಂದಲೇ ಆಗುವುದು. ಒಂದೇ ಬಕೆಟ್ಟು, ಒಂದೇ ಬಟ್ಟೆಯಲ್ಲಿ ಹತ್ತಾರು ಗಾಡಿ ಒರೆಸುವುದು ನಮ್ಮ ಅಪಾರ್ಟ್‌ಮೆಂಟುಗಳ ನಿತ್ಯದ ಪದ್ಧತಿ. ಅಂಟಿಗೆ ಹಿಡಿದ ಧೂಳೆಂದರೆ ಕಲ್ಲಿನ ಪುಡಿ. ಅದನ್ನು ಒಣ ಬಟ್ಟೆಯಲ್ಲಿ ಉಜ್ಜಿದರೆ ಬಣ್ಣದ ಮೇಲೆ ಸಣ್ಣ ಸಣ್ಣ ಗೀರುಗಳ ಸುಳಿ ಮೂಡಿ, ಬಿಸಿಲಲ್ಲಿ ನೋಡಿದಾಗ ಎದ್ದು ಕಾಣುತ್ತದೆ. ಮರಕ್ಕೆ ಬೈಯುವವರು ಆ ಗೀರುಗಳ ಲೆಕ್ಕವನ್ನೂ ಮರಕ್ಕೇ ಬರೆದುಬಿಡುತ್ತಾರೆ.

ಜಿಗುಟು ಸಕ್ಕರೆಯಾದ್ದರಿಂದ ನೀರಿಗೆ ಕರಗುತ್ತದೆ. ಕಷ್ಟವೇನೆಂದರೆ ಅದು ಬೀಳುವ ಕಾಲಕ್ಕೇ ಊರಿನಲ್ಲಿ ನೀರಿಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ಪೈಪು ಹಿಡಿದು ತೊಳೆಯುವ ಅಗತ್ಯವೂ ಇಲ್ಲವೆನ್ನಿ. ಅಕ್ಕಿ ತೊಳೆದ ನೀರು ಬೇಡ, ಬಟ್ಟೆ ಜಾಲಿಸಿದ ಕೊನೆಯ ನೀರೂ ಬೇಡ. ಶುದ್ಧೀಕರಿಸಿದ ನೀರೋ ಹಿಡಿದಿಟ್ಟ ಮಳೆನೀರೋ ಅರ್ಧ ಬಕೆಟ್ಟು ಸಾಕು. ಹಳೆಯ ಟರ್ಕಿ ಟವೆಲನ್ನು ಚೆನ್ನಾಗಿ ನೆನೆಸಿ, ನೆರಳಲ್ಲಿ ತಣ್ಣಗಿರುವ ಬಾನೆಟ್ಟಿನ ಮೇಲೆ ಹತ್ತು ನಿಮಿಷ ಹರಡಿಬಿಡಿ. ಸಕ್ಕರೆ ತಾನೇ ಬಿಡುತ್ತದೆ. ಆಮೇಲೆ ಕಾರ್ ಶಾಂಪೂ ಹಾಕಿದ ನೀರಲ್ಲಿ ಅದ್ದಿದ ಮೈಕ್ರೋಫೈಬರ್ ಬಟ್ಟೆಯಿಂದ, ಒತ್ತದೆ, ಒಂದೇ ದಿಕ್ಕಿಗೆ ಒರೆಸಿ. ಪಾತ್ರೆ ತೊಳೆಯುವ ಸೋಪು ಹಾಕಿದರೆ ಇದ್ದಬದ್ದ ವ್ಯಾಕ್ಸೂ ಹೋಗುತ್ತದೆ. ಬೋರ್‌ವೆಲ್ ನೀರಾದರೆ ಕೂಡಲೇ ಒಣಗಿಸಬೇಕು, ಇಲ್ಲದಿದ್ದರೆ ಸುಣ್ಣದ ಬಿಳಿ ಚುಕ್ಕೆ ಉಳಿಯುತ್ತದೆ.

ಬೇವಿನ ಗೋಂದೂ ನೀರಿಗೆ ಮೆತ್ತಗಾಗುತ್ತದೆ, ಸ್ವಲ್ಪ ಹೊತ್ತು ಕಾಯಬೇಕಷ್ಟೆ. ಅತ್ತಿ, ಹಲಸಿನ ಹಾಲು ಹಾಗಲ್ಲ. ಮಲೆನಾಡಿನಲ್ಲಿ ಹಲಸು ಬಿಡಿಸಲು ಕೂರುವವರು ಮೊದಲು ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಾರೆ. ಕಾರಿಗೂ ಅದೇ ಉಪಾಯ. ಕಲೆಯ ಮೇಲೆ ಎರಡು ಹನಿ ಎಣ್ಣೆ ಬಿಟ್ಟು, ಮೇಣ ಸಡಿಲಾದ ಮೇಲೆ ಮೆಲ್ಲಗೆ ಒರೆಸಿ, ಎಣ್ಣೆಯನ್ನು ಶಾಂಪೂವಿನಿಂದ ತೆಗೆಯಬೇಕು. ಪೆಟ್ರೋಲು, ಥಿನ್ನರ್ ಹಚ್ಚುವವರಿದ್ದಾರೆ. ಹೆಡ್‌ಲೈಟಿನ ಪ್ಲಾಸ್ಟಿಕ್ಕು ಬಿರುಕು ಬಿಟ್ಟಾಗ ಅವರಿಗೇ ಗೊತ್ತಾಗುತ್ತದೆ.

ಎಣ್ಣೆಯನ್ನು ಮೊದಲೇ ಸವರಿಕೊಳ್ಳುವ ಆ ಜಾಣತನವೇ ವ್ಯಾಕ್ಸಿನದೂ ಕೂಡ. ಅಂಗಡಿಯಲ್ಲಿ ಸಿಗುವ ಕಾರ್ನೌಬಾ ವ್ಯಾಕ್ಸ್ ಬ್ರೆಜಿಲ್‌ನ ಒಂದು ತಾಳೆಮರದ ಎಲೆಯಿಂದ ಬರುತ್ತದೆ. ಒಣ ಸೀಮೆಯ ಆ ಮರ ನೀರು ಆರದಂತೆ ಎಲೆಗೆ ತಾನೇ ಬಳಿದುಕೊಳ್ಳುವ ಮೇಣ ಅದು. ಒಂದು ಮರದ ಕಾಟಕ್ಕೆ ಇನ್ನೊಂದು ಮರವೇ ಮದ್ದು! ನಮ್ಮ ಬಿಸಿಲಿಗೆ ಅದು ಒಂದೆರಡು ತಿಂಗಳು ಬಾಳಿದರೆ ಹೆಚ್ಚು. ಸೆರಾಮಿಕ್ ಕೋಟಿಂಗ್ ಬಹುಕಾಲ ಬರುತ್ತದೆ, ಕೊಳೆ ಸುಲಭವಾಗಿ ಬಿಡುತ್ತದೆ, ನಿಜ. ಆದರೆ ಅದು ಬಳಿದ ಮೇಲೆ ಹಿಕ್ಕೆಯನ್ನು ಹಾಗೇ ಬಿಡಬಹುದು ಎಂದು ಮಾರಾಟಗಾರರು ಹೇಳಿದರೆ ನಂಬಬೇಡಿ. ಸಾವಿರಾರು ರೂಪಾಯಿ ಕೊಟ್ಟು ಅದನ್ನು ಮಾಡಿಸಿ ಒಣ ಬಟ್ಟೆಯಲ್ಲಿ ಒರೆಸುವುದಕ್ಕಿಂತ ಮಾಮೂಲಿ ವ್ಯಾಕ್ಸ್ ಹಚ್ಚಿ ನೆನೆಸಿ ಒರೆಸುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಕವರ್ ಹಾಕಿದರೆ ಎಲ್ಲ ಸರಿಹೋಯಿತೆಂದಲ್ಲ. ಧೂಳು ಹಿಡಿದ ಗಾಡಿಗೆ ಕವರ್ ಹೊದಿಸಿದರೆ ಗಾಳಿಗೆ ಅದು ಅಲುಗಾಡಿದಷ್ಟೂ ಬಣ್ಣ ಸವೆಯುತ್ತದೆ. ಮಲೆನಾಡಿನ ಮಳೆಗಾಲದಲ್ಲಂತೂ ತೇವ ಒಳಗೇ ಉಳಿದು ಬೂಷ್ಟು ಬರುತ್ತದೆ. ತೊಳೆದು ಒಣಗಿಸಿದ ಗಾಡಿಗೆ, ಒಳಮೈ ಮೆತ್ತಗಿರುವ, ಗಾಳಿಯಾಡುವ ಬಟ್ಟೆಯ ಕವರ್ ಹಾಕಿ ತಳದಲ್ಲಿ ಬಿಗಿಯಾಗಿ ಕಟ್ಟಬೇಕು. ಅಂಗಳದಲ್ಲಿ ನರ್ಸರಿಯವರ ಹಸಿರು ಬಲೆ ಕಟ್ಟಿದರೆ ಎಲೆ ನಿಲ್ಲುತ್ತದೆ, ಹನಿ ನಿಲ್ಲುವುದಿಲ್ಲ.

ಇಷ್ಟೆಲ್ಲ ಯಾಕೆ, ಮರವನ್ನೇ ಕಡಿಸಿದರಾಯಿತು ಎನ್ನುವವರು ಪ್ರತಿ ಬೀದಿಯಲ್ಲೂ ಒಬ್ಬರಿರುತ್ತಾರೆ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಿಂದ ಇದೆ. ವೃಕ್ಷ ಅಧಿಕಾರಿಯ ಅನುಮತಿಯಿಲ್ಲದೆ ಕಡಿಯುವಂತಿಲ್ಲ, ಕಾರಿಗೆ ಅಂಟು ಬೀಳುತ್ತದೆ ಎಂಬುದು ಅದಕ್ಕೆ ಕಾರಣವೂ ಆಗದು. ಲಾಭನಷ್ಟದ ಲೆಕ್ಕ ಹಾಕಿದರೂ ಮರವೇ ಗೆಲ್ಲುತ್ತದೆ. ಹರಿಣಿ ನಾಗೇಂದ್ರ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಬೆಂಗಳೂರಿನ ಅಧ್ಯಯನದ ಪ್ರಕಾರ, ಮಧ್ಯಾಹ್ನ ಮರವಿರುವ ರಸ್ತೆಯ ಡಾಂಬರು ಮರವಿಲ್ಲದ ಕಡೆಗಿಂತ 27.5 ಡಿಗ್ರಿವರೆಗೂ, ಗಾಳಿ 5.6 ಡಿಗ್ರಿವರೆಗೂ ತಂಪು. ಬಟಾಬಯಲ ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡು ಬಿರಿಯುತ್ತದೆ, ರಬ್ಬರು ಸೆಟೆಯುತ್ತದೆ, ಬಣ್ಣವೂ ಪೇಲವವಾಗುತ್ತದೆ. ಅದನ್ನು ಒದ್ದೆ ಟವೆಲಿನಲ್ಲಿ ಒರೆಸಿ ತೆಗೆಯಲಾಗದು.

ಹುಳ ಕಡಿಮೆ ಮಾಡಬೇಕೆಂದರೆ ಇರುವೆಯನ್ನು ತಡೆಯಿರಿ. ಸಿಹಿ ಹನಿಯ ಆಸೆಗೆ ಇರುವೆಗಳು ಆ ಹುಳಗಳನ್ನು ಕಾಯುತ್ತವೆ, ಗುಲಗಂಜಿ ಹುಳು ತಿನ್ನಲು ಬಂದರೆ ಓಡಿಸುತ್ತವೆ. ಕಾಂಡಕ್ಕೆ ಅಗಲವಾದ ಬಟ್ಟೆಪಟ್ಟಿ ಸುತ್ತಿ, ಪಟ್ಟಿಯ ಮೇಲೆ ಮಾತ್ರ ಗ್ರೀಸ್ ಬಳಿದರೆ ಇರುವೆ ಹತ್ತಲಾರದು. ಕಾವಲು ತಪ್ಪಿದ ಮೇಲೆ ಉಳಿದದ್ದನ್ನು ಗುಲಗಂಜಿ ಹುಳುಗಳು ನೋಡಿಕೊಳ್ಳುತ್ತವೆ. ಕಾಲ ಮುಗಿದ ಮೇಲೆ ಪಟ್ಟಿ ಬಿಚ್ಚುವುದನ್ನು ಮರೆಯಬಾರದು. ಬೀದಿಮರಕ್ಕೆ ಕೀಟನಾಶಕ ಹೊಡೆಯುವ ಯೋಚನೆ ಮಾತ್ರ ಬೇಡವೇ ಬೇಡ, ಅದು ಬಂದು ಬೀಳುವುದು ನಮ್ಮ ತಲೆಯ ಮೇಲೇ.

ಇನ್ನು ತರಗೆಲೆ. ಅಂಟಿನಷ್ಟು ಕಣ್ಣಿಗೆ ರಾಚುವುದಿಲ್ಲವಾದ್ದರಿಂದ ಇದನ್ನು ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ಆದರೆ ಜೇಬಿಗೆ ಹೆಚ್ಚು ಭಾರವಾಗುವುದು ಇದೇ. ಮುಂದಿನ ಗಾಜಿನ ಬುಡದಲ್ಲಿ, ವೈಪರಿನ ಕೆಳಗೆ ಒಂದು ಜಾಲರಿಯಿದೆ. ಮಳೆನೀರು ಅಲ್ಲಿಂದ ಇಳಿದು ಎರಡೂ ಪಕ್ಕದ ರಂಧ್ರಗಳಿಂದ ಹೊರಹೋಗಬೇಕು. ಎ.ಸಿ.ಗೆ ಗಾಳಿ ಹೋಗುವುದೂ ಅಲ್ಲಿಂದಲೇ. ಹೊಂಗೆಯ ಅಗಲ ಎಲೆ ಜಾಲರಿಯ ಮೇಲೇ ಉಳಿಯುತ್ತದೆ, ಕೈಯಲ್ಲಿ ಎತ್ತಿ ಎಸೆಯಬಹುದು. ಗುಲ್‌ಮೊಹರ್‌ನ ಪುಡಿ ಎಲೆಗಳು ಒಳಗೆ ಇಳಿದು, ಕೊಳೆತು ಕೆಸರಾಗಿ ರಂಧ್ರ ಮುಚ್ಚುತ್ತವೆ. ಮೊದಲ ಜೋರು ಮಳೆಗೆ ನೀರು ಕಾಲಡಿಯ ಮ್ಯಾಟಿಗೆ ಬರುತ್ತದೆ, ಎ.ಸಿ. ಹಾಕಿದರೆ ಮುಗ್ಗಲು ವಾಸನೆ. ಈಗ ಸನ್‌ರೂಫ್ ಇಲ್ಲದ ಕಾರು ಬೇಡವೆನ್ನುವ ಕಾಲ. ಅದರ ಮೂಲೆಗಳಲ್ಲೂ ನೀರಿಳಿಯುವ ಸಣ್ಣ ಕೊಳವೆಗಳಿವೆ. ಒಂದು ಲೋಟ ನೀರನ್ನು ಮೆಲ್ಲಗೆ ಹುಯ್ದು ಚಕ್ರದ ಬಳಿ ಇಳಿಯುತ್ತದೋ ನೋಡಿ. ಇಳಿಯದಿದ್ದರೆ ಮೆಕ್ಯಾನಿಕ್ ಬಳಿ ಹೋಗಿ. ಕಂಪ್ರೆಸರಿನ ಗಾಳಿ ಬಿಟ್ಟರೆ ಕೊಳವೆಯೇ ಒಳಗೆ ಕಳಚಿಕೊಂಡೀತು.

ಒಣಗಿದ ಎಲೆರಾಶಿಯ ಮೇಲೆ ಗಾಡಿ ನಿಲ್ಲಿಸಬಾರದು. ದೂರದಿಂದ ಓಡಿ ಬಂದ ಕಾರಿನ ಸೈಲೆನ್ಸರ್ ಕೊಳವೆ ಎಲೆಗೆ ಬೆಂಕಿ ಹತ್ತಿಸುವಷ್ಟು ಕಾದಿರುತ್ತದೆ. ರಸ್ತೆಬದಿಯ ಗುಡ್ಡೆಗೆ ಯಾರಾದರೂ ಕಡ್ಡಿ ಗೀರಿದರಂತೂ ಮುಗಿಯಿತು.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಬೀಳುವುದು ಎಲೆಯಷ್ಟೇ ಅಲ್ಲ. ಒಣಕೊಂಬೆ ಕಂಡರೆ ಪಾಲಿಕೆಯ ಅರಣ್ಯ ವಿಭಾಗಕ್ಕೆ ಮಳೆಗೆ ಮೊದಲೇ ಬರೆದುಕೊಡಿ, ಬರೆದದ್ದರ ಪ್ರತಿ ಇಟ್ಟುಕೊಳ್ಳಿ. ವಿಮೆಯ ಕಾಗದವನ್ನೂ ಒಮ್ಮೆ ತೆಗೆದು ನೋಡಿ. ಬರೀ ಥರ್ಡ್ ಪಾರ್ಟಿ ವಿಮೆಯಿದ್ದರೆ ಕೊಂಬೆ ಬಿದ್ದು ಜಜ್ಜಿದ ಕಾರಿಗೆ ವಿಮಾ ಕಂಪನಿಯಿಂದ ಒಂದು ರೂಪಾಯಿಯೂ ಬರುವುದಿಲ್ಲ.